ಹೆಡ್ ಟು ಹೆಡ್: ಮುಖಾಮುಖಿ ದಾಖಲೆಯನ್ನು ಬಿಡಿಸಿ ನೋಡಿದಾಗ

ಫುಟ್‌ಬಾಲ್ ಪಂದ್ಯ ಶುರುವಾಗುವ ಮುನ್ನ ಪರದೆಯ ಮೇಲೆ ಎರಡು ಕ್ಲಬ್‌ಗಳ ಲಾಂಛನ, ನಡುವೆ ಮೂರು ಅಂಕಿಗಳು ಬರುತ್ತವೆ. ಒಂದು ತಂಡದ ಗೆಲುವು, ಡ್ರಾ, ಇನ್ನೊಂದು ತಂಡದ ಗೆಲುವು. ಇದೇ ಹೆಡ್ ಟು ಹೆಡ್. ಚುಟುಕಾಗಿ ಎಚ್2ಎಚ್ ಎಂದೂ ಬರೆಯುತ್ತಾರೆ, ಕನ್ನಡದಲ್ಲಿ ಮುಖಾಮುಖಿ ದಾಖಲೆ ಎನ್ನಬಹುದು. ಈ ಎರಡು ತಂಡಗಳು ಹಿಂದೆ ಪರಸ್ಪರ ಆಡಿದ ಪಂದ್ಯಗಳು ಮಾತ್ರ ಇದರಲ್ಲಿ ಲೆಕ್ಕಕ್ಕೆ ಬರುತ್ತವೆ, ಮೂರನೆಯ ತಂಡಕ್ಕೆ ಇಲ್ಲಿ ಜಾಗವಿಲ್ಲ. ಹಾಗಾಗಿ ಇದು 'ಫಾರ್ಮ್' ಅಲ್ಲ. ಫಾರ್ಮ್ ಎಂದರೆ ಒಂದು ತಂಡ ಯಾರ ವಿರುದ್ಧವಾದರೂ ಆಡಿದ ಇತ್ತೀಚಿನ ಐದಾರು ಪಂದ್ಯಗಳ ಫಲಿತಾಂಶ. ಎರಡನ್ನೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೊಡುವುದರಿಂದ ಗೊಂದಲವಾಗುವುದುಂಟು.

ಪದ ಸರಳವಾಗಿದೆ, ತೊಡಕಿರುವುದು ಅಂಕಿಯಲ್ಲಿ. ಆ ಮೂರು ಅಂಕಿಗಳು ಸಿದ್ಧವಾಗುವ ಮೊದಲೇ ಯಾರೋ ಹಲವು ತೀರ್ಮಾನ ಮಾಡಿರುತ್ತಾರೆ. ಯಾವ ವರ್ಷದಿಂದ ಎಣಿಸಬೇಕು, ಯಾವ ಟೂರ್ನಿ ಸೇರಬೇಕು, ಹೆಚ್ಚುವರಿ ಸಮಯವನ್ನು (90 ನಿಮಿಷಕ್ಕೆ ಸಮವಾದಾಗ ಮುಂದುವರಿಸುವ ಆಟ) ಏನು ಮಾಡಬೇಕು ಎಂಬ ಈ ತೀರ್ಮಾನಗಳು ಬದಲಾದರೆ ಮೈದಾನದಲ್ಲಿ ನಡೆದದ್ದು ಅದೇ ಆಗಿದ್ದರೂ 'ಯಾರು ಮೇಲು' ಎಂಬ ಉತ್ತರ ಬದಲಾಗುತ್ತದೆ.

ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಲಿವರ್‌ಪೂಲ್ ನಡುವಿನ ಐದು ಅಧಿಕೃತ ಪಂದ್ಯಗಳನ್ನು ಸಾಲಾಗಿ ಇಟ್ಟು ನೋಡೋಣ. 2022ರ ಆಗಸ್ಟ್ 22ರಂದು ತನ್ನ ತವರು ಅಂಗಳ ಓಲ್ಡ್ ಟ್ರಾಫರ್ಡ್‌ನಲ್ಲಿ ಯುನೈಟೆಡ್‌ಗೆ 2-1 ಗೆಲುವು. 2023ರ ಮಾರ್ಚ್ 5ರಂದು ತನ್ನ ತವರು ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್‌ಗೆ 7-0. ಅದೇ ವರ್ಷ ಡಿಸೆಂಬರ್ 17ರಂದು ಮತ್ತೆ ಆನ್‌ಫೀಲ್ಡ್‌ನಲ್ಲಿ 0-0. 2024ರ ಮಾರ್ಚ್ 17ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಟೂರ್ನಿ) ಪಂದ್ಯ: 90 ನಿಮಿಷಕ್ಕೆ 2-2, ಹೆಚ್ಚುವರಿ ಸಮಯದ ಕೊನೆಗೆ ಯುನೈಟೆಡ್ 4-3. ಏಪ್ರಿಲ್ 7ರಂದು ಅಲ್ಲೇ ಲೀಗ್ ಪಂದ್ಯ 2-2.

ಎಲ್ಲ ಐದನ್ನೂ ಕೂಡಿದರೆ ಯುನೈಟೆಡ್ 2 ಗೆಲುವು, ಲಿವರ್‌ಪೂಲ್ 1, ಡ್ರಾ 2. ಯುನೈಟೆಡ್ ಮುಂದಿದೆ. ಗೋಲುಗಳನ್ನು ಕೂಡಿದರೆ ಲಿವರ್‌ಪೂಲ್ 13, ಯುನೈಟೆಡ್ 8, ಈಗ ಲಿವರ್‌ಪೂಲ್ ಮುಂದೆ. ಎಫ್‌ಎ ಕಪ್ ಬಿಟ್ಟು ಲೀಗ್ ಪಂದ್ಯಗಳನ್ನಷ್ಟೇ ತೆಗೆದುಕೊಂಡರೆ ತಲಾ ಒಂದು ಗೆಲುವು, ಎರಡು ಡ್ರಾ, ಅಂದರೆ ಸಮಬಲ. 90 ನಿಮಿಷದ ಫಲಿತಾಂಶವನ್ನಷ್ಟೇ ಹಿಡಿದರೆ ತಲಾ ಒಂದು ಗೆಲುವು, ಮೂರು ಡ್ರಾ. ಇದರ ಎರಡು ತುದಿಗಳಲ್ಲಿ ಎರಡು ಸೌಹಾರ್ದ ಪಂದ್ಯಗಳೂ ಇವೆ. 2022ರ ಜುಲೈ 12ರಂದು ಬ್ಯಾಂಕಾಕ್‌ನಲ್ಲಿ ಯುನೈಟೆಡ್ 4-0, 2024ರ ಆಗಸ್ಟ್ 3ರಂದು ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಲಿವರ್‌ಪೂಲ್ 3-0. ಅವನ್ನೂ ಸೇರಿಸಿದರೆ 3-2-2 ಎಂಬ ಇನ್ನೊಂದು ಚಿತ್ರ.

ಇಷ್ಟೆಲ್ಲ ಕೂಡಿ ಕಳೆದರೂ ಆ ಐದು ಪಂದ್ಯಗಳಲ್ಲಿ ಎದ್ದು ಕಾಣುವ ಸಂಗತಿ ಯಾವ ಮೊತ್ತದಲ್ಲೂ ಬರಲಿಲ್ಲ. ಐದರಲ್ಲಿ ಒಮ್ಮೆಯೂ ತವರು ತಂಡ ಸೋತಿಲ್ಲ! ಮೂರು ತವರು ಗೆಲುವು, ಎರಡು ಡ್ರಾ. ಐದೂ ಪಂದ್ಯಗಳಲ್ಲಿ ಕೋಚ್‌ಗಳೂ ಅವರೇ, ಯುನೈಟೆಡ್‌ಗೆ ಎರಿಕ್ ಟೆನ್ ಹ್ಯಾಗ್, ಲಿವರ್‌ಪೂಲ್‌ಗೆ ಯುರ್ಗೆನ್ ಕ್ಲಾಪ್. ಇದನ್ನು ನೋಡಲು ಮೊತ್ತ ಸಾಲದು, ಸಾಲುಗಳನ್ನೇ ಓದಬೇಕು. ಹಾಗೆಂದು ಇದನ್ನೂ ನಿಯಮವೆಂದು ನಂಬುವಂತಿಲ್ಲ. 2024ರ ಸೆಪ್ಟೆಂಬರ್ 1ರಂದು ಹೊಸ ಕೋಚ್ ಆರ್ನೆ ಸ್ಲಾಟ್ ಜೊತೆ ಓಲ್ಡ್ ಟ್ರಾಫರ್ಡ್‌ಗೆ ಬಂದ ಲಿವರ್‌ಪೂಲ್ 3-0ರಿಂದ ಗೆದ್ದಿತು.

ಈಗ ಒಂದೊಂದೇ ತೀರ್ಮಾನವನ್ನು ಬಿಡಿಸಿಕೊಳ್ಳೋಣ. ಹೆಚ್ಚು ಎಡವುವುದು ಹೆಚ್ಚುವರಿ ಸಮಯ ಮತ್ತು ಪೆನಾಲ್ಟಿ ಶೂಟೌಟ್ ವಿಷಯದಲ್ಲಿ. ಹೆಚ್ಚುವರಿ 30 ನಿಮಿಷಗಳಲ್ಲಿ ಬಂದ ಗೋಲು ಪಂದ್ಯದ ಗೋಲೇ, ಅಧಿಕೃತ ದಾಖಲೆಯಲ್ಲಿ ಅದಕ್ಕೆ ಪೂರ್ಣ ಬೆಲೆ. ಶೂಟೌಟ್ ಹಾಗಲ್ಲ. ಅದು ಮುಂದಿನ ಸುತ್ತಿಗೆ ಯಾರು, ಕಪ್ ಯಾರಿಗೆ ಎಂದು ನಿರ್ಧರಿಸುವ ಕ್ರಮ ಮಾತ್ರ. ಅಂಕಿಅಂಶದಲ್ಲಿ ಆ ಪಂದ್ಯ ಡ್ರಾ ಎಂದೇ ಉಳಿಯುತ್ತದೆ, ಶೂಟೌಟ್‌ನಲ್ಲಿ ಒಳಹೋದ ಚೆಂಡುಗಳು ಗೋಲುಗಳ ಮೊತ್ತಕ್ಕೆ ಸೇರುವುದಿಲ್ಲ. ರಿಯಲ್ ಮ್ಯಾಡ್ರಿಡ್ ಮತ್ತು ಅಟ್ಲೆಟಿಕೊ ಮ್ಯಾಡ್ರಿಡ್ ಎರಡು ಚಾಂಪಿಯನ್ಸ್ ಲೀಗ್ ಫೈನಲ್‌ಗಳಲ್ಲಿ ಎದುರಾದವು, 2014ರಲ್ಲಿ ಲಿಸ್ಬನ್‌ನಲ್ಲಿ ಮತ್ತು 2016ರಲ್ಲಿ ಮಿಲಾನ್‌ನಲ್ಲಿ. ಎರಡೂ ಕಪ್ ರಿಯಲ್ ಪಾಲಾದವು. ಎರಡೂ ಪಂದ್ಯ ನಿಗದಿತ ಸಮಯದ ಕೊನೆಗೆ 1-1 ಇತ್ತು. ಲಿಸ್ಬನ್‌ನಲ್ಲಿ ಸೆರ್ಗಿಯೊ ರಾಮೋಸ್ 93ನೇ ನಿಮಿಷದಲ್ಲಿ ಸಮ ಮಾಡಿದ ಮೇಲೆ ಹೆಚ್ಚುವರಿ ಸಮಯದಲ್ಲಿ ಅದು 4-1 ಆಯಿತು. ಮಿಲಾನ್‌ನಲ್ಲಿ 1-1 ಆಗಿಯೇ ಉಳಿದು ಶೂಟೌಟ್‌ನಲ್ಲಿ ರಿಯಲ್ 5-3ರಿಂದ ಗೆದ್ದಿತು. ಅಭಿಮಾನಿಯ ನೆನಪಿನಲ್ಲಿ ಇವು ಎರಡು ಗೆಲುವು, ಅಧಿಕೃತ ಮುಖಾಮುಖಿಯಲ್ಲಿ ಒಂದು ಗೆಲುವು ಒಂದು ಡ್ರಾ, 90 ನಿಮಿಷದ ಪಟ್ಟಿಯಲ್ಲಿ ಎರಡೂ ಡ್ರಾ. ಮೂರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯೇ. ತಪ್ಪಾಗುವುದು ಯಾವ ಲೆಕ್ಕ ಎಂದು ಹೇಳದೆ ಅಂಕಿ ಕೊಟ್ಟಾಗ.

ಆಡಿ ಮುಗಿಸದ ಪಂದ್ಯಗಳದ್ದು ಇನ್ನೊಂದು ಬಗೆ. 2005ರ ಏಪ್ರಿಲ್ 12ರಂದು ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನ ಎರಡನೇ ಲೆಗ್‌ನಲ್ಲಿ (ಒಂದೇ ಸುತ್ತಿನಲ್ಲಿ ಅದೇ ಎದುರಾಳಿಯೊಂದಿಗೆ ಆಡುವ ಎರಡು ಪಂದ್ಯಗಳಲ್ಲಿ ಎರಡನೆಯದು) ಇಂಟರ್ ವಿರುದ್ಧ ಎಸಿ ಮಿಲಾನ್ 1-0 ಮುಂದಿತ್ತು. ಪ್ರೇಕ್ಷಕರ ಕಡೆಯಿಂದ ಎಸೆದ ಉರಿಯುವ ಫ್ಲೇರ್ ಮಿಲಾನ್ ಗೋಲ್‌ಕೀಪರ್ ದಿದಾ ಅವರಿಗೆ ತಗುಲಿತು, ಪಂದ್ಯವನ್ನು ಅರ್ಧಕ್ಕೇ ಕೈಬಿಡಬೇಕಾಯಿತು. ಬಳಿಕ ಅದನ್ನು 3-0 ಎಂದು ಮಿಲಾನ್‌ಗೆ ಕೊಡಲಾಯಿತು. ಮೈದಾನದಲ್ಲಿ ಒಂದು ಗೋಲು, ದಾಖಲೆಯಲ್ಲಿ ಮೂರು. ಹೀಗೆ ತೀರ್ಪಿನಿಂದ ಬಂದ ಫಲಿತಾಂಶ ಪಟ್ಟಿಯಲ್ಲಿದ್ದರೆ ಅದರ ಮೇಲೊಂದು ಗುರುತು ಇರಲೇಬೇಕು.

ಸೌಹಾರ್ದ ಪಂದ್ಯಗಳನ್ನು ಗಂಭೀರ ದಾಖಲೆಯಿಂದ ಹೊರಗಿಡುವುದೇ ಸರಿ. ಆಟಗಾರರನ್ನು ಸಾಲುಸಾಲಾಗಿ ಬದಲಿಸುತ್ತಾರೆ, ಸೀಸನ್‌ಗೆ ಮೊದಲು ದೇಹ ಹದಕ್ಕೆ ಬಂದಿರುವುದಿಲ್ಲ, ಸೋತರೆ ಕಳೆದುಕೊಳ್ಳುವುದು ಏನೂ ಇಲ್ಲ. ಕೆಲವು ತಂತ್ರಾಂಶಗಳು ಇವನ್ನು ಸದ್ದಿಲ್ಲದೆ ಸೇರಿಸಿಬಿಡುತ್ತವೆ. ಜುಲೈ ಅಥವಾ ಆಗಸ್ಟ್ ಮೊದಲ ವಾರದ ದಿನಾಂಕವಿದ್ದು, ಯುರೋಪಿನ ಎರಡು ಕ್ಲಬ್‌ಗಳು ಬೇರೆ ಖಂಡದಲ್ಲಿ ಆಡಿದ್ದರೆ ಅದು ಬಹುತೇಕ ಸೌಹಾರ್ದ ಪಂದ್ಯವೇ.

ಎಷ್ಟು ಹಿಂದಕ್ಕೆ ಹೋಗಬೇಕು? 1943ರ ಜೂನ್ 13ರಂದು ಸ್ಪೇನ್‌ನ ಕಪ್ ಸೆಮಿಫೈನಲ್‌ನ ಎರಡನೇ ಲೆಗ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಬಾರ್ಸಿಲೋನಾವನ್ನು 11-1ರಿಂದ ಸೋಲಿಸಿತು. ಮೊದಲ ಲೆಗ್ ಅನ್ನು ಬಾರ್ಸಿಲೋನಾ 3-0ರಿಂದ ಗೆದ್ದಿತ್ತು. ಎಲ್ ಕ್ಲಾಸಿಕೊದ (ಈ ಎರಡು ತಂಡಗಳ ಮುಖಾಮುಖಿಗೆ ಇರುವ ಹೆಸರು) ಒಟ್ಟು ಗೋಲುಗಳ ಮೊತ್ತದಲ್ಲಿ ಆ ಹನ್ನೊಂದೂ ಇಂದಿಗೂ ಕುಳಿತಿವೆ. ಚರಿತ್ರೆಗೆ ಅವು ಬೇಕು, ಬರುವ ಭಾನುವಾರದ ಪಂದ್ಯಕ್ಕೆ ಅವುಗಳಿಂದ ತಿಳಿಯುವುದು ಏನೂ ಇಲ್ಲ. 'ಕಳೆದ 5 ಪಂದ್ಯ' ಎಂದು ಕತ್ತರಿಸಿದರೂ ತೊಂದರೆ ತಪ್ಪುವುದಿಲ್ಲ, ಏಕೆಂದರೆ ಪಂದ್ಯಗಳ ಎಣಿಕೆಯಿಂದ ಕಾಲದ ಅಂತರ ಕಾಣುವುದಿಲ್ಲ. 2004ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದ ಲೀಡ್ಸ್ ಯುನೈಟೆಡ್ ಮತ್ತೆ ಮೇಲೆ ಬಂದದ್ದು 2020ರಲ್ಲಿ. ಆ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅವರನ್ನು 6-2ರಿಂದ ಸೋಲಿಸಿತು. ಅದರ ಹಿಂದಿನ ಅಧಿಕೃತ ಪಂದ್ಯ 2011ರ ಲೀಗ್ ಕಪ್‌ನದು, ಅದಕ್ಕೂ ಹಿಂದಿನದು 2010ರ ಜನವರಿಯ ಎಫ್‌ಎ ಕಪ್‌ನದು. ಆಗ ಮೂರನೇ ಹಂತದ ಲೀಗ್‌ನಲ್ಲಿದ್ದ ಲೀಡ್ಸ್ ಓಲ್ಡ್ ಟ್ರಾಫರ್ಡ್‌ನಲ್ಲೇ 1-0ರಿಂದ ಗೆದ್ದಿತ್ತು. ಕೇವಲ ಮೂರು ಸಾಲು, ನಡುವೆ ಸುಮಾರು ಹನ್ನೊಂದು ವರ್ಷ.

ಟಿವಿ ಮತ್ತು ಪತ್ರಿಕೆಗಳಲ್ಲಿ ಬರುವ 'ಕಳೆದ 8 ಮುಖಾಮುಖಿಗಳಲ್ಲಿ ಸೋಲಿಲ್ಲ' ಎಂಬಂಥ ವಾಕ್ಯದ ಬಗ್ಗೆ ಒಂದು ಮಾತು. ಎಂಟೇ ಏಕೆ? ಸಾಮಾನ್ಯವಾಗಿ ಒಂಬತ್ತನೆಯದು ಸೋಲಾಗಿರುತ್ತದೆ. 5, 10 ಎಂಬ ದುಂಡು ಸಂಖ್ಯೆಯನ್ನು ಬಿಟ್ಟು 7, 8, 11 ಬಂದರೆ ಲೆಕ್ಕದ ಕಿಟಕಿಯನ್ನು ಫಲಿತಾಂಶ ನೋಡಿಯೇ ತೆರೆದಿದ್ದಾರೆ ಎಂದುಕೊಳ್ಳಿ. ವಾಕ್ಯ ಸುಳ್ಳಲ್ಲ, ಆದರೆ ಕಿಟಕಿಯಾಚೆ ಇರುವುದನ್ನೂ ಒಮ್ಮೆ ನೋಡಬೇಕು.

ಸ್ಥಳದ ವಿಷಯದಲ್ಲಿ ತಟಸ್ಥ ಅಂಗಳವನ್ನು ಮರೆಯಬಾರದು. 2020ರ ಆಗಸ್ಟ್ 14ರಂದು ಬಾರ್ಸಿಲೋನಾ ಬಯರ್ನ್ ಮ್ಯೂನಿಕ್‌ಗೆ 2-8ರಿಂದ ಸೋತದ್ದು ಲಿಸ್ಬನ್‌ನಲ್ಲಿ, ಪ್ರೇಕ್ಷಕರಿಲ್ಲದೆ, ಒಂದೇ ಲೆಗ್‌ನ ಪಂದ್ಯದಲ್ಲಿ. ಬಾರ್ಸಿಲೋನಾ ಹೆಸರು ಮೊದಲು ಬರೆದಿರುವುದರಿಂದ ಪಟ್ಟಿ ತಯಾರಿಸುವ ಯಂತ್ರ ಅದನ್ನು 'ತವರಿನ ಸೋಲು' ಎಂದು ಎಣಿಸಿಬಿಡಬಹುದು. ಯುರೋಪಿನ ಫುಟ್‌ಬಾಲ್‌ನಲ್ಲಿ ಆತಿಥೇಯ ತಂಡದ ಹೆಸರು ಮೊದಲು ಬರುವುದು ರೂಢಿ, ಅಮೆರಿಕದ ಕ್ರೀಡಾಪಟ್ಟಿಗಳಲ್ಲಿ ಅತಿಥಿ ತಂಡ ಮೊದಲು. ಎರಡು ಕಡೆಯ ಅಂಕಿಗಳನ್ನು ಬೆರೆಸುವಾಗ ಈ ಒಂದು ರೂಢಿಯಿಂದಲೇ ತವರು ಮತ್ತು ಹೊರ ಅಂಗಳದ ಕಂಬಗಳು (ಕಾಲಂಗಳು) ತಲೆಕೆಳಗಾಗುತ್ತವೆ.

ಕ್ಲಬ್ ಯಾವುದು ಎಂಬುದೇ ಕೆಲವೊಮ್ಮೆ ಪ್ರಶ್ನೆ. ಇಂಗ್ಲೆಂಡಿನ ವಿಂಬಲ್ಡನ್ ಕ್ಲಬ್ 2003ರಲ್ಲಿ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಹೋಗಿ, 2004ರಲ್ಲಿ ಎಂಕೆ ಡಾನ್ಸ್ ಎಂದು ಹೆಸರು ಬದಲಿಸಿತು. ಊರು ಬಿಡುವುದನ್ನು ಒಪ್ಪದ ಅಭಿಮಾನಿಗಳು 2002ರಲ್ಲೇ ಎಎಫ್‌ಸಿ ವಿಂಬಲ್ಡನ್ ಕಟ್ಟಿದ್ದರು. ಹಳೆಯ ಕ್ಲಬ್‌ನ ಚರಿತ್ರೆ ತನ್ನದೆಂಬ ಹಕ್ಕನ್ನು ಎಂಕೆ ಡಾನ್ಸ್ 2007ರಲ್ಲಿ ಬಿಟ್ಟುಕೊಟ್ಟಿತು. ಹಾಗಾಗಿ ಎಂಕೆ ಡಾನ್ಸ್‌ನ ಮುಖಾಮುಖಿಗೆ ಹಳೆಯ ವಿಂಬಲ್ಡನ್ ಪಂದ್ಯಗಳನ್ನು ಸೇರಿಸುವುದು ತಪ್ಪು. ಎಂಕೆ ಡಾನ್ಸ್ ಮತ್ತು ಎಎಫ್‌ಸಿ ವಿಂಬಲ್ಡನ್ ಮೊದಲ ಸಲ ಎದುರಾದದ್ದು 2012ರ ಡಿಸೆಂಬರ್ 2ರಂದು, ಎಫ್‌ಎ ಕಪ್‌ನಲ್ಲಿ.

ಎಲ್ಲವನ್ನೂ ಸರಿಯಾಗಿ ಎಣಿಸಿದ ಮೇಲೂ ಪಂದ್ಯಗಳ ಸಂಖ್ಯೆ ಸಣ್ಣದು. ಒಂದೇ ಲೀಗ್‌ನಲ್ಲಿರುವ ಎರಡು ತಂಡಗಳು ಸೀಸನ್‌ಗೆ ಎರಡು ಸಲ ಆಡುತ್ತವೆ, ಐದು ವರ್ಷಕ್ಕೆ ಹತ್ತು ಪಂದ್ಯ. ಈ ಹತ್ತರಲ್ಲಿ ಆರನ್ನು ಒಂದೇ ತಂಡ ಗೆದ್ದರೆ ಅದು ಬಲಶಾಲಿ ಎನಿಸುತ್ತದೆ. ಲೆಕ್ಕ ಹಾಕಿ ನೋಡಿ: ಎರಡೂ ತಂಡ ಸಂಪೂರ್ಣ ಸಮಬಲವೆಂದು, ಪ್ರತಿ ಪಂದ್ಯದಲ್ಲಿ ತಲಾ 37 ಶೇಕಡಾ ಗೆಲುವಿನ ಸಾಧ್ಯತೆ ಮತ್ತು 26 ಶೇಕಡಾ ಡ್ರಾ ಎಂದು ಇಟ್ಟುಕೊಳ್ಳಿ. ಆಗಲೂ ಹತ್ತರಲ್ಲಿ ಆರು ಅಥವಾ ಹೆಚ್ಚು ಪಂದ್ಯಗಳನ್ನು ಯಾವುದಾದರೂ ಒಂದು ತಂಡ ಗೆಲ್ಲುವ ಸಾಧ್ಯತೆ ಸುಮಾರು 24 ಶೇಕಡಾ. ಅಂದರೆ ಇಂಥ ನಾಲ್ಕು ಜೋಡಿಗಳನ್ನು ತೆಗೆದುಕೊಂಡರೆ ಹೆಚ್ಚುಕಡಿಮೆ ಒಂದರಲ್ಲಿ, ಯಾವ ಕಾರಣವೂ ಇಲ್ಲದೆ, ಒಂದು ತಂಡ 'ಮೇಲುಗೈ' ಸಾಧಿಸಿದಂತೆ ಕಾಣುತ್ತದೆ.

ಹಾಗಾದರೆ 'ಬೋಗಿ ಟೀಮ್' ಎನ್ನುತ್ತಾರಲ್ಲ, ಒಂದು ತಂಡಕ್ಕೆ ಸದಾ ಗಂಟಲ ಮುಳ್ಳಾಗುವ ಎದುರಾಳಿ, ಅದು ಬರೀ ಭ್ರಮೆಯೇ? ಪೂರ್ತಿ ಭ್ರಮೆಯಲ್ಲ. ರಕ್ಷಣಾ ಸಾಲನ್ನು ಮೈದಾನದ ನಡುಭಾಗದವರೆಗೆ ಮುಂದೆ ತಂದು ಆಡುವ ತಂಡಕ್ಕೆ, ಹಿಂದೆ ಕಾದು ಕುಳಿತು ಚೆಂಡು ಸಿಕ್ಕೊಡನೆ ವೇಗವಾಗಿ ಓಡುವ ತಂಡ ನಿಜಕ್ಕೂ ಕಷ್ಟ. ಅಂಥ ಕಾರಣ ಇರುವವರೆಗೆ ಫಲಿತಾಂಶ ಮರುಕಳಿಸಬಹುದು. ಆದ್ದರಿಂದ ಮೊದಲು ಕೇಳಬೇಕಾದ್ದು ಆ ಪಂದ್ಯಗಳನ್ನು ಆಡಿಸಿದ ಕೋಚ್‌ಗಳು ಈಗಲೂ ಇದ್ದಾರೆಯೇ, ಬೆನ್ನೆಲುಬಾದ ಆಟಗಾರರಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂದು. ಎರಡಕ್ಕೂ 'ಇಲ್ಲ' ಎಂದಾದರೆ ಉಳಿಯುವುದು ಅಂಗಿಯ ಬಣ್ಣ ಮಾತ್ರ.

ಸ್ವಂತ ಪಟ್ಟಿ ಮಾಡುವವರು ಪ್ರತಿ ಪಂದ್ಯಕ್ಕೆ ಒಂದು ಸಾಲು ಕೊಡಿ. ದಿನಾಂಕ, ಟೂರ್ನಿ ಮತ್ತು ಹಂತ, ಅಂಗಳ (ತವರು, ಹೊರಗೆ ಅಥವಾ ತಟಸ್ಥ), 90 ನಿಮಿಷದ ಸ್ಕೋರ್, ಹೆಚ್ಚುವರಿ ಸಮಯದ ನಂತರದ ಸ್ಕೋರ್, ಶೂಟೌಟ್, ಇಬ್ಬರು ಕೋಚ್‌ಗಳ ಹೆಸರು. ಇವೆಲ್ಲಕ್ಕೂ ಬೇರೆ ಬೇರೆ ಕಂಬ. ರೆಡ್ ಕಾರ್ಡ್ ಬಂದಿದ್ದರೆ ಯಾವ ನಿಮಿಷದಲ್ಲಿ ಎಂದೂ ಬರೆದುಕೊಳ್ಳಿ. 20ನೇ ನಿಮಿಷದಿಂದ ಹತ್ತು ಜನರಲ್ಲಿ ಆಡಿ ಸೋತದ್ದಕ್ಕೂ 88ನೇ ನಿಮಿಷದಲ್ಲಿ ಕಾರ್ಡ್ ಕಂಡು ಸೋತದ್ದಕ್ಕೂ ಬಹಳ ವ್ಯತ್ಯಾಸವಿದೆ. ಸ್ಕೋರ್‌ಗಳನ್ನು ಒಂದೇ ಕಂಬದಲ್ಲಿ ತುರುಕಿದರೆ ಆಮೇಲೆ ಬೇರ್ಪಡಿಸಲು ಆಗುವುದಿಲ್ಲ.

ಹೆಡ್ ಟು ಹೆಡ್‌ಗೆ ಎರಡನೆಯ ಅರ್ಥವೂ ಇದೆ, ಅದು ನಿಯಮಪುಸ್ತಕದ್ದು. ಲೀಗ್‌ನಲ್ಲಿ ಎರಡು ತಂಡಗಳ ಪಾಯಿಂಟ್ಸ್ ಸಮವಾದಾಗ ಯಾರು ಮೇಲೆ ಎಂದು ತೀರ್ಮಾನಿಸಲು ಅವೆರಡರ ನಡುವಿನ ಪಂದ್ಯಗಳನ್ನು ನೋಡುವ ಕ್ರಮ. ಇಲ್ಲಿ ಹಳೆಯ ಚರಿತ್ರೆಗೆ ಸ್ಥಾನವಿಲ್ಲ, ಆ ಒಂದೇ ಸೀಸನ್‌ನ ಪಂದ್ಯಗಳಷ್ಟೇ. ಪ್ರೀಮಿಯರ್ ಲೀಗ್ ಮೊದಲು ಒಟ್ಟು ಗೋಲು ವ್ಯತ್ಯಾಸ (ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದ ಅಂಕಿ) ನೋಡುತ್ತದೆ, 2022ರ ವಿಶ್ವಕಪ್‌ನ ಗುಂಪು ಹಂತದಲ್ಲೂ ಹಾಗೆಯೇ ಇತ್ತು. ಸ್ಪೇನ್‌ನ ಲಾ ಲಿಗಾ ಮೊದಲು ಮುಖಾಮುಖಿ ನೋಡುತ್ತದೆ, ಯುರೋ ಕಪ್ ಗುಂಪು ಹಂತದಲ್ಲಿ 1996ರಿಂದ ಅದೇ ಕ್ರಮ. ಮೂರು ತಂಡಗಳು ಸಮವಾದರೆ ಆ ಮೂರರ ನಡುವಿನ ಪಂದ್ಯಗಳನ್ನು ಮಾತ್ರ ಎತ್ತಿಕೊಂಡು ಚಿಕ್ಕದೊಂದು ಪಾಯಿಂಟ್ಸ್ ಪಟ್ಟಿ ಮಾಡಬೇಕು. ಬೇರೆಯವರ ವಿರುದ್ಧದ ಫಲಿತಾಂಶಗಳನ್ನು ಅದರಲ್ಲಿ ಬಿಟ್ಟುಬಿಡುವುದನ್ನು ಮರೆಯುವುದೇ ಇಲ್ಲಿ ಸಾಮಾನ್ಯ ತಪ್ಪು.

2006-07ರ ಲಾ ಲಿಗಾದಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ತಲಾ 76 ಪಾಯಿಂಟ್ಸ್‌ನಲ್ಲಿ ಮುಗಿಸಿದವು. ಬಾರ್ಸಿಲೋನಾದ ಗೋಲು ವ್ಯತ್ಯಾಸ 45, ರಿಯಲ್‌ದು 26. ಆದರೆ ಅಕ್ಟೋಬರ್‌ನಲ್ಲಿ ತನ್ನ ಅಂಗಳದಲ್ಲಿ ರಿಯಲ್ 2-0ರಿಂದ ಗೆದ್ದಿತ್ತು, ಮಾರ್ಚ್‌ನಲ್ಲಿ ಕ್ಯಾಂಪ್ ನೌನಲ್ಲಿ ಮೆಸ್ಸಿ ಹ್ಯಾಟ್ರಿಕ್ ಹೊಡೆದರೂ ಪಂದ್ಯ 3-3 ಡ್ರಾ ಆಗಿತ್ತು. ಚಾಂಪಿಯನ್ ಪಟ್ಟ ರಿಯಲ್‌ಗೆ ಹೋಯಿತು. ಎರಡು ತಂಡಗಳು ಪರಸ್ಪರ ಎರಡೂ ಪಂದ್ಯ ಆಡಿ ಮುಗಿಸುವವರೆಗೆ ಸ್ಪೇನ್‌ನ ಪಟ್ಟಿಯಲ್ಲಿ ಗೋಲು ವ್ಯತ್ಯಾಸವೇ ಸ್ಥಾನ ನಿರ್ಧರಿಸುತ್ತದೆ. ಹಾಗಾಗಿ ಸೀಸನ್ ನಡುವೆ ಮೇಲಿದ್ದ ತಂಡವೊಂದು ಎರಡನೇ ಮುಖಾಮುಖಿ ಮುಗಿದ ದಿನ ಸಮ ಪಾಯಿಂಟ್ಸ್‌ನಲ್ಲೇ ಕೆಳಗಿಳಿಯಬಹುದು.