ಹುಟ್ಟಿದಾಗ ಕಿವಿ ಪರೀಕ್ಷೆ ಪಾಸಾಗಿತ್ತು, ಮತ್ತೆ ಏಕೆ?

ಪ್ರಶ್ನೆ: ಮಗುವಿಗೆ ಗರ್ಭದಲ್ಲಿಯೇ ಸಿಎಂವಿ (ಸೈಟೊಮೆಗಾಲೊವೈರಸ್ ಎಂಬ ವೈರಸ್) ಸೋಂಕು ತಗುಲಿದೆ ಎಂದು ಹುಟ್ಟಿದ ವಾರದಲ್ಲಿಯೇ ಹೇಳಿದರು. ಈಗ ಒಂದೂವರೆ ವರ್ಷ, ಚುರುಕಾಗಿದೆ. ಹುಟ್ಟಿದಾಗ ಮಾಡಿದ ಕಿವಿ ಪರೀಕ್ಷೆಯೂ ಪಾಸಾಗಿತ್ತು. ಆದರೂ ಹೊಸನಗರದಿಂದ ಶಿವಮೊಗ್ಗಕ್ಕೆ ಮತ್ತೆ ಮತ್ತೆ ಬರಬೇಕೇ?

ಬರಬೇಕು. ಈ ಉತ್ತರವನ್ನು ಎಷ್ಟು ಸಲ ಕೊಟ್ಟಿದ್ದೇನೋ, ಆದರೂ ಇನ್ನೊಮ್ಮೆ ಹೇಳುತ್ತೇನೆ. ಜಡಿಮಳೆಯಲ್ಲಿ ಮಗುವನ್ನು ಕಟ್ಟಿಕೊಂಡು ಬಸ್ ಹತ್ತುವ ಕಷ್ಟ ಗೊತ್ತಿದ್ದೇ ಹೇಳುತ್ತಿದ್ದೇನೆ.

ಈ ಸೋಂಕಿನೊಂದಿಗೆ ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಹುಟ್ಟುವಾಗ ಯಾವ ಲಕ್ಷಣವೂ ಇರುವುದಿಲ್ಲ. ಇವರಲ್ಲಿ ಹೆಚ್ಚಿನವರು ಚೆನ್ನಾಗಿಯೇ ಬೆಳೆಯುತ್ತಾರೆ. ಆದರೆ ನೂರಕ್ಕೆ 10ರಿಂದ 15 ಮಕ್ಕಳ ಶ್ರವಣ ಶಕ್ತಿ ಕುಂದುತ್ತದೆ. ಹಲವರಲ್ಲಿ ಅದು ಶುರುವಾಗುವುದೇ ಹುಟ್ಟಿ ತಿಂಗಳುಗಳು, ವರ್ಷಗಳು ಕಳೆದ ಮೇಲೆ. ಮೂರನೇ ದಿನದ ಪರೀಕ್ಷೆ ಮೂರನೇ ದಿನದ ಕಿವಿಯ ಬಗ್ಗೆ ಮಾತ್ರ ಹೇಳುತ್ತದೆ.

ಇಷ್ಟು ಹೇಳಿದರೂ ಅಜ್ಜಿಯರು ಒಪ್ಪುವುದಿಲ್ಲ. 'ಹಿಂದೆ ನಿಂತು ತಟ್ಟೆ ಬಡಿದರೆ ತಿರುಗಿ ನೋಡುತ್ತದಲ್ಲ' ಎನ್ನುತ್ತಾರೆ. ದಯವಿಟ್ಟು ಈ ತಟ್ಟೆ ಪರೀಕ್ಷೆಯನ್ನು ಬಿಟ್ಟುಬಿಡಿ. ಒಂದು ಕಿವಿ ಪೂರ್ತಿ ಹೋಗಿದ್ದರೂ ಇನ್ನೊಂದು ಕಿವಿಯಲ್ಲಿ ಕೇಳಿಸಿಕೊಂಡು ಮಗು ತಿರುಗುತ್ತದೆ. ಎರಡೂ ಕಿವಿ ಅರ್ಧ ಕುಂದಿದ್ದರೂ ಅಷ್ಟು ದೊಡ್ಡ ಸದ್ದು ಕೇಳಿಸುತ್ತದೆ. ಕೇಳಿಸದೇ ಹೋಗುವುದು 'ಸ', 'ಶ', 'ತ'ದಂತಹ ಮೆಲುದನಿಗಳು. ಮಾತು ಕಲಿಯಲು ಬೇಕಾದದ್ದು ಅವೇ. ಮಾತು ತಡವಾದರೆ 'ಅವರಪ್ಪನೂ ಹೀಗೆಯೇ' ಎಂದು ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ತೊಂದರೆ ಕಿವಿಯಲ್ಲಿದ್ದರೆ ನಾಲಿಗೆಗೆ ಹಚ್ಚಿ ಏನು ಪ್ರಯೋಜನ? ಹಾಗೆ ಕಾದ ಎರಡು ವರ್ಷ ಮಾತು ಕಲಿಯುವ ಅತ್ಯಮೂಲ್ಯ ಕಾಲ. ಬೇಗ ಗೊತ್ತಾದರೆ ಶ್ರವಣ ಸಾಧನ, ಅದು ಸಾಲದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಯಲ್ಲಿ ಅಳವಡಿಸುವ ಸಾಧನ), ಜೊತೆಗೆ ಮಾತಿನ ತರಬೇತಿ. ಇವುಗಳಿಂದ ಮಕ್ಕಳು ಎಲ್ಲರಂತೆ ಶಾಲೆಗೆ ಹೋಗುವುದನ್ನು ಕಂಡಿದ್ದೇನೆ. ಆದ್ದರಿಂದ ಮೊದಲ ಮೂರು ವರ್ಷ ಆರು ತಿಂಗಳಿಗೊಮ್ಮೆಯಾದರೂ, ಆಮೇಲೆ ಆರು ವರ್ಷದವರೆಗೆ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಆಗಲಿ. ಬೆರಾ ಪರೀಕ್ಷೆಗೆ (ಸದ್ದಿಗೆ ಕಿವಿಯ ನರ, ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ಅಳೆಯುವ ಪರೀಕ್ಷೆ) ಮಗು ನಿದ್ದೆ ಮಾಡಬೇಕು, ಬಸ್ಸಿನಲ್ಲಿ ಮಲಗಲು ಬಿಡಬೇಡಿ.

ಹುಟ್ಟುವಾಗಲೇ ತಲೆ ಚಿಕ್ಕದಿದ್ದು, ಯಕೃತ್ತು ಊದಿಕೊಂಡು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಿರುವ ಮಕ್ಕಳ ವಿಷಯ ಬೇರೆ. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಶ್ರವಣ, ಬುದ್ಧಿ ಬೆಳವಣಿಗೆ ಅಥವಾ ಚಲನೆಯ ತೊಂದರೆ ಉಳಿಯುತ್ತದೆ. ಅಂಥವರಿಗೆ ವಾಲ್‌ಗ್ಯಾನ್‌ಸಿಕ್ಲೋವಿರ್ ಔಷಧವನ್ನು ಆರು ತಿಂಗಳು ಕೊಡುವುದುಂಟು, ಆದರೆ ಹುಟ್ಟಿದ ಮೊದಲ ವಾರಗಳಲ್ಲಿಯೇ ಆರಂಭಿಸಬೇಕು. ಮೂತ್ರ ಅಥವಾ ಜೊಲ್ಲಿನ ಪರೀಕ್ಷೆಯೂ 21 ದಿನಗಳೊಳಗೆ ಆಗಬೇಕು. ತಡವಾದರೆ ಸೋಂಕು ಗರ್ಭದಲ್ಲಿ ಬಂದದ್ದೋ ಆಮೇಲೆ ಎದೆಹಾಲಿನಿಂದ ಬಂದದ್ದೋ ತಿಳಿಯುವುದಿಲ್ಲ.

ನೀವು ಕೇಳಲಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಕೇಳುತ್ತಾರೆ: ಬಸುರಿಯಾದ ಅತ್ತಿಗೆ ಈ ಮಗುವನ್ನು ಎತ್ತಿಕೊಳ್ಳಬಹುದೇ? ಎತ್ತಿಕೊಳ್ಳಲಿ. ಈ ಮಗುವಿನ ಮೂತ್ರ, ಜೊಲ್ಲಿನಲ್ಲಿ ವೈರಸ್ ವರ್ಷಗಟ್ಟಲೆ ಇರಬಹುದು ನಿಜ. ಆದರೆ ಆರೋಗ್ಯವಾಗಿ ಓಡಾಡುವ ಎಷ್ಟೋ ಪುಟ್ಟ ಮಕ್ಕಳಲ್ಲಿಯೂ ಅದು ಇರುತ್ತದೆ. ಒದ್ದೆ ಬಟ್ಟೆ ಬದಲಿಸಿದ ಮೇಲೆ, ಜೊಲ್ಲು ಒರೆಸಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ, ಮಗು ತಿಂದು ಬಿಟ್ಟದ್ದನ್ನು ತಿನ್ನದಿರಲಿ, ತುಟಿಗೆ ಮುತ್ತು ಕೊಡದಿರಲಿ. ಯಾವ ಮಗುವಿನ ಜೊತೆಗಾದರೂ ಬಸುರಿಯರು ಪಾಲಿಸಬೇಕಾದ ಎಚ್ಚರಿಕೆಗಳೇ ಇವು. ಇದೇ ಭಯಕ್ಕೆ ಮಗುವನ್ನು ಅಂಗನವಾಡಿಗೆ ಕಳುಹಿಸದೆ ಮನೆಯಲ್ಲಿ ಕೂರಿಸಬೇಡಿ. ಅಲ್ಲಿನ ಹಾಡು, ಮಾತು, ಗಲಾಟೆ ಎಲ್ಲವೂ ಅದಕ್ಕೆ ಬೇಕು.