ಅಜ್ಜ ಪುಸ್ತಕ ನಿಲ್ಲಿಸಿದಾಗಲೆಲ್ಲ: ‘ದಿ ಪ್ರಿನ್ಸೆಸ್ ಬ್ರೈಡ್’ ಕಥಾಹಂದರದ ಟಿಪ್ಪಣಿ

ಚಿತ್ರಕಥೆ ಕಲಿಯುತ್ತಿರುವವರಿಗೆ ಅಂತ ಈ ಟಿಪ್ಪಣಿ ಬರೆದಿದ್ದೇನೆ. ಸಿನಿಮಾ 1987ರದ್ದು, ನಿರ್ದೇಶನ ರಾಬ್ ರೈನರ್. ವಿಲಿಯಂ ಗೋಲ್ಡ್‌ಮನ್ 1973ರಲ್ಲಿ ಬಂದ ತಮ್ಮದೇ ಕಾದಂಬರಿಯನ್ನು ತಾವೇ ಚಿತ್ರಕಥೆ ಮಾಡಿಕೊಟ್ಟರು. 98 ನಿಮಿಷ ಅಷ್ಟೇ. ನೋಡದೇ ಇದ್ದವರು ಮೊದಲು ನೋಡಿ ಬನ್ನಿ. ಯಾಕೆಂದರೆ ಇಲ್ಲಿ ಕೊನೆಯವರೆಗೂ ಎಲ್ಲ ಬಿಚ್ಚಿ ಹೇಳುತ್ತೇನೆ.

ನಾನು ಮೊದಲ ಸಲ ಇದನ್ನು ಬಿಡಿಸಲು ಕೂತಾಗ ನೋಟ್‌ಬುಕ್‌ನಲ್ಲಿ ಮೂರು ಅಂಕದ ಗೆರೆ ಎಳೆದೆ. ನಾಯಕ ವೆಸ್ಟ್ಲಿ. ನಾಯಕಿ ಬಟರ್‌ಕಪ್. ಖಳ ರಾಜಕುಮಾರ ಹಂಪರ್‌ಡಿಂಕ್. ನಾಯಕನಿಗೆ ಬೇಕಾಗಿರುವುದು ಬಟರ್‌ಕಪ್‌ಳ ಪ್ರೀತಿ. ಅಷ್ಟು ಬರೆದು ಪೆನ್ನು ನಿಂತಿತು. ಯಾಕೆ ಅಂದರೆ ಆ ಪ್ರೀತಿ ಅವನಿಗೆ ಸಿನಿಮಾ ಶುರುವಾದ ಕೆಲವೇ ನಿಮಿಷದಲ್ಲಿ ಸಿಕ್ಕಿಬಿಡುತ್ತದೆ! ಹಾಗಾದರೆ ಉಳಿದ ಒಂದೂವರೆ ಗಂಟೆ ನಮ್ಮನ್ನು ಕೂರಿಸುವುದು ಯಾವುದು?

ನನಗೆ ಸಿಕ್ಕ ಉತ್ತರ ಇದು. ಈ ಸಿನಿಮಾದ ಬೆನ್ನೆಲುಬು ರಾಜಕುಮಾರಿಯ ಕಥೆಯಲ್ಲಿ ಇಲ್ಲ, ಜ್ವರ ಬಂದು ಮಲಗಿರುವ ಹುಡುಗನ ಕೋಣೆಯಲ್ಲಿದೆ.

ಹೊರಗಿನ ಕಥೆ

ಮೊದಲ ದೃಶ್ಯದಲ್ಲಿ ಕೋಟೆಯೂ ಇಲ್ಲ, ಕಾಡೂ ಇಲ್ಲ. ಕೆಮ್ಮುವ ಸದ್ದು, ಟಿವಿ ಪರದೆ ಮೇಲೆ ಬೇಸ್‌ಬಾಲ್ ವಿಡಿಯೋ ಗೇಮ್. ಹುಡುಗನನ್ನು ನೋಡಲು ಅಜ್ಜ ಬರುತ್ತಾರೆ. ಕೆನ್ನೆ ಹಿಂಡುತ್ತಾರೆ, ಹುಡುಗನಿಗೆ ಅದೇ ಕಿರಿಕಿರಿ. ಉಡುಗೊರೆ ಅಂತ ಕೊಟ್ಟರೆ ಅದೊಂದು ಪುಸ್ತಕ. ‘ಇದರಲ್ಲಿ ಆಟ-ಗೀಟ ಏನಾದರೂ ಇದೆಯಾ’ ಅಂತ ಹುಡುಗ ಕೇಳುತ್ತಾನೆ. ಕತ್ತಿವರಸೆ, ಸೇಡು, ದೈತ್ಯ, ಪವಾಡ ಅಂತ ಅಜ್ಜ ಪಟ್ಟಿ ಹೇಳುತ್ತಾರೆ. ಎಚ್ಚರವಾಗಿರಲು ಪ್ರಯತ್ನ ಪಡುತ್ತೇನೆ ಅನ್ನುವ ಧಾಟಿಯಲ್ಲಿ ಹುಡುಗ ಒಪ್ಪಿಕೊಳ್ಳುತ್ತಾನೆ.

ಕಥೆಯೊಳಗೆ ಕಥೆ ನಮಗೆ ಹೊಸದಲ್ಲ. ದುರ್ಗಸಿಂಹನ ಪಂಚತಂತ್ರ ಓದಿದವರಿಗೆ, ಬೇತಾಳನ ಕಥೆ ಕೇಳಿ ಬೆಳೆದವರಿಗೆ ಇದು ರೂಢಿಯ ವಿಷಯ. ಬೇತಾಳನ ಕಥೆಯಲ್ಲಿ ರಾಜ ಬಾಯಿ ಬಿಟ್ಟರೆ ಹೆಣ ವಾಪಸ್ ಮರಕ್ಕೆ ಹಾರುತ್ತದೆ. ಅಂದರೆ ಕೇಳುವವನ ಮಾತಿಗೆ ಕಥೆಯಲ್ಲಿ ಒಂದು ಕೆಲಸ ಇದೆ. ಇಲ್ಲೂ ಹಾಗೆಯೇ. ಹುಡುಗ ಬಾಯಿ ಹಾಕಿದಾಗಲೆಲ್ಲ ಅದನ್ನು ಸುಮ್ನೆ ತಮಾಷೆ ಅಂದುಕೊಂಡು ದಾಟಬೇಡಿ. ಪೆನ್ನು ತೆಗೆದು ಗುರುತು ಹಾಕಿ.

ಮೊದಲ ಸಲ ಅವನು ತಡೆಯುವುದು ಮುತ್ತಿಡುವ ದೃಶ್ಯ ಬಂದಾಗ. ಇದು ಮುತ್ತಿಡುವ ಪುಸ್ತಕವಾ, ನನಗೆ ಮೋಸ ಮಾಡುತ್ತಿದ್ದೀರಾ ಅಂತ ಗುಮಾನಿ. ಆಮೇಲೆ ಬಟರ್‌ಕಪ್ ಸಮುದ್ರಕ್ಕೆ ಹಾರಿ, ಕಿರುಚುವ ಹಾವುಮೀನುಗಳು ಅವಳ ಹತ್ತಿರ ಬಂದಾಗ ಅಜ್ಜ ತಾವೇ ಓದು ನಿಲ್ಲಿಸುತ್ತಾರೆ. ಮೀನು ಅವಳನ್ನು ತಿನ್ನುವುದಿಲ್ಲ, ನೀನು ಹೆದರಿದ ಹಾಗಿತ್ತು ಅದಕ್ಕೆ ಹೇಳಿದೆ ಅನ್ನುತ್ತಾರೆ. ನಾನೇನೂ ಹೆದರಿಲ್ಲ ಅಂತ ಹುಡುಗ ಗತ್ತು ತೋರಿಸುತ್ತಾನೆ. ಇಲ್ಲಿ ಏನಾಯಿತು ನೋಡಿ. ಸಸ್ಪೆನ್ಸ್ ದೃಶ್ಯದ ಮಧ್ಯೆಯೇ ಉತ್ತರ ಹೇಳಿ ಸಸ್ಪೆನ್ಸ್ ಕೊಂದರು. ಹಾಗಾದರೆ ಲೇಖಕನಿಗೆ ಲಾಭ ಏನು? ಬಟರ್‌ಕಪ್ ಬದುಕುತ್ತಾಳಾ ಅನ್ನುವ ಪ್ರಶ್ನೆ ಹೋಯಿತು, ಹುಡುಗ ಕಥೆಗೆ ಸಿಕ್ಕಿಬಿದ್ದನಾ ಅನ್ನುವ ಪ್ರಶ್ನೆ ಬಂತು. ಬಿದ್ದಿದ್ದಾನೆ, ಆದರೆ ಒಪ್ಪಿಕೊಳ್ಳುತ್ತಿಲ್ಲ.

ಎರಡನೆಯ ಮುತ್ತಿಗೂ ಗೊಣಗಾಟ ಇದೆ. ಅದನ್ನು ಬಿಟ್ಟು ಬೆಂಕಿ ಜೌಗಿಗೆ ಹೋಗೋಣ ಅನ್ನುತ್ತಾನೆ. ಮುಂದೊಂದು ದಿನ ನಿನಗೂ ಇದು ಬೇಸರ ಆಗದೇ ಇರಬಹುದು ಅಂತ ಅಜ್ಜ ಹೇಳಿದ ಮಾತು ಇಲ್ಲಿ ಕಿವಿಗೆ ಬೀಳದೇ ಹೋಗುವಷ್ಟು ಹಗುರ. ಕೊನೆಯ ಮುತ್ತಿನಲ್ಲಿ ಹುಡುಗ ಸುಮಾರು ಅದೇ ಮಾತನ್ನು ತಿರುಗಿ ಹೇಳುತ್ತಾನೆ, ನನಗೇನೂ ಅಷ್ಟು ಬೇಸರ ಇಲ್ಲ ಅಂತ. ಮೂರು ಮುತ್ತು, ಒಬ್ಬ ಹುಡುಗ. ಪಾತ್ರ ಬದಲಾಗಿದ್ದನ್ನು ತೋರಿಸಲು ಇಷ್ಟು ಸಾಕು.

ಒಂದು ಮಾತು, ಮೂರು ಸಲ

ಸೆಟಪ್-ಪೇಆಫ್ (ಮೊದಲು ಬಿತ್ತಿಟ್ಟದ್ದಕ್ಕೆ ಆಮೇಲೆ ಫಲ ತೆಗೆಯುವುದು) ಅಂತ ಕ್ಲಾಸ್‌ನಲ್ಲಿ ಹೇಳುತ್ತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ವೆಸ್ಟ್ಲಿ ಬಟರ್‌ಕಪ್‌ಳ ಹೊಲದ ಮನೆಯಲ್ಲಿ ಆಳು. ಅವಳು ಏನೇ ಕೆಲಸ ಹೇಳಲಿ, ಅವನ ಉತ್ತರ ‘ಆಸ್ ಯು ವಿಶ್’, ಅಂದರೆ ನೀವು ಹೇಳಿದ ಹಾಗೆ. ಕುದುರೆಯ ಜೀನು ಉಜ್ಜಿ ಹೊಳೆಯುವ ಹಾಗೆ ಮಾಡು ಅನ್ನುತ್ತಾಳೆ. ಬಕೆಟ್‌ಗಳಿಗೆ ನೀರು ತುಂಬಿಸು ಅನ್ನುತ್ತಾಳೆ. ಆ ಎರಡು ಪದೇಪದೇ ಬಂದ ಮೇಲೆ, ಆ ಮಾತಿನ ಅರ್ಥ ‘ನಿನ್ನನ್ನು ಪ್ರೀತಿಸುತ್ತೇನೆ’ ಅಂತ ಅವಳಿಗೆ ಹೊಳೆಯಿತು ಎಂದು ಅಜ್ಜ ಓದುತ್ತಾರೆ. ಆಮೇಲೆ ಬರುತ್ತದೆ ಮೂರನೆಯ ಕೆಲಸ. ಅಲ್ಲೇ ಕೈಗೆ ಸಿಗುವ ಹೂಜಿಯನ್ನು ತೋರಿಸಿ, ತೆಗೆದುಕೊಡು ಅನ್ನುತ್ತಾಳೆ. ಕೈ ಚಾಚಿದರೆ ಸಿಗುವ ವಸ್ತು! ಅದು ಆಜ್ಞೆಯೇ ಅಲ್ಲ, ಅವನ ಭಾಷೆಯಲ್ಲೇ ಅವಳು ಕೊಟ್ಟ ಉತ್ತರ. ನಮಗೂ ಅಷ್ಟರಲ್ಲಿ ಆ ಗುಟ್ಟಿನ ಭಾಷೆ ಬಂದುಬಿಟ್ಟಿದೆ.

ಮುಂದೆ ವೆಸ್ಟ್ಲಿ ದುಡ್ಡು ಸಂಪಾದಿಸಲು ಹೊರಟು, ಕಡಲ್ಗಳ್ಳ ರಾಬರ್ಟ್ಸ್ ಕೈಯಲ್ಲಿ ಸತ್ತ ಎಂದು ಸುದ್ದಿ ಬರುತ್ತದೆ. ಐದು ವರ್ಷ ಕಳೆಯುತ್ತದೆ. ಬಟರ್‌ಕಪ್‌ಳಿಗೆ ಹಂಪರ್‌ಡಿಂಕ್ ಜೊತೆ ಮದುವೆ ನಿಶ್ಚಯವಾಗಿರುವಾಗ ಮೂವರು ಅವಳನ್ನು ಅಪಹರಿಸುತ್ತಾರೆ. ಮುಖವಾಡದ ಕಪ್ಪು ಬಟ್ಟೆಯವನೊಬ್ಬ ಬಟರ್‌ಕಪ್‌ಳನ್ನು ಅಪಹರಣಕಾರರಿಂದ ಬಿಡಿಸಿಕೊಂಡು ಬರುತ್ತಾನೆ. ಇವನೇ ರಾಬರ್ಟ್ಸ್ ಅಂತ ಅವಳಿಗೆ ಖಾತ್ರಿಯಾಗಿ, ಸಿಟ್ಟಿನಲ್ಲಿ ಅವನನ್ನು ಗುಡ್ಡದಿಂದ ತಳ್ಳುತ್ತಾಳೆ. ಉರುಳುತ್ತಾ ಅವನು ಕೂಗುವುದು ಅದೇ ಮಾತು. ವಿವರಣೆ ಇಲ್ಲ, ಫ್ಲ್ಯಾಶ್‌ಬ್ಯಾಕ್ ಇಲ್ಲ. ಅವಳೂ ಹಿಂದೆಯೇ ಉರುಳಿಕೊಂಡು ಹೋಗುತ್ತಾಳೆ.

ಮೂರನೆಯ ಸಲ ಅದನ್ನು ಹೇಳುವುದು ಅಜ್ಜ. ನಾಳೆಯೂ ಬಂದು ಇದನ್ನೇ ಓದುತ್ತೀರಾ ಅಂತ ಹುಡುಗ ಕೇಳಿದ್ದಕ್ಕೆ ಬಾಗಿಲ ಹತ್ತಿರ ನಿಂತು ಕೊಟ್ಟ ಉತ್ತರ. ಒಳಗಿನ ಕಥೆಯ ಮಾತು ಹೊರಗಿನ ಕಥೆಗೆ ದಾಟಿತು.

ಇದನ್ನು ಕನ್ನಡಕ್ಕೆ ಡಬ್ ಮಾಡುವವರ ಪಾಡು ಯೋಚಿಸಿ. ಆಳಿನ ಬಾಯಲ್ಲಿ ‘ಅಪ್ಪಣೆ’ ಸರಿಹೋಗುತ್ತದೆ. ಮೊಮ್ಮಗನಿಗೆ ಯಾವ ಅಜ್ಜ ‘ಅಪ್ಪಣೆ’ ಅನ್ನುತ್ತಾರೆ? ಅವರು ಅನ್ನುವುದು ‘ಆಗ್ಲಿ ಕಣೋ’. ಇನ್ನು ‘ನಿಮ್ಮಿಷ್ಟ’ ಅಂದರೆ ನಮ್ಮ ಮನೆಗಳಲ್ಲಿ ಅದು ಪ್ರೀತಿ ಅಲ್ಲ, ಜಗಳದ ಮುನ್ಸೂಚನೆ.

ಮೂರು ಕಾಳಗ ಸುಮ್ಮನೆ ಇಲ್ಲ

ಅಪಹರಣಕಾರರು ಮೂವರು. ಕತ್ತಿವೀರ ಇನಿಗೋ ಮೊಂಟೋಯಾ, ದೈತ್ಯ ಫೆಜ್ಜಿಕ್, ತಾನೇ ಬುದ್ಧಿವಂತ ಅಂದುಕೊಂಡ ವಿಜ್ಜಿನಿ. ಕಪ್ಪು ಬಟ್ಟೆಯವನು ಒಬ್ಬೊಬ್ಬರನ್ನೇ ಎದುರಿಸುತ್ತಾನೆ: ಮೊದಲು ಕತ್ತಿ, ಆಮೇಲೆ ತೋಳ್ಬಲ, ಕೊನೆಗೆ ತಲೆ. ಜನಪದ ಕಥೆಯ ಮೂರರ ಲೆಕ್ಕ ಇದು, ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ.

ಯಾರು ಸಾಯುತ್ತಾರೆ ನೋಡಿ. ವಿಜ್ಜಿನಿ ಮಾತ್ರ. ಇನಿಗೋನನ್ನೂ ಫೆಜ್ಜಿಕ್‌ನನ್ನೂ ಪ್ರಜ್ಞೆ ತಪ್ಪಿಸಿ ಬಿಡುತ್ತಾನೆ. ನಾಯಕ ಒಳ್ಳೆಯವನು ಅಂತ ತೋರಿಸಿದ ಹಾಗೂ ಆಯಿತು, ಎರಡನೆಯ ಅರ್ಧಕ್ಕೆ ಇಬ್ಬರು ಗೆಳೆಯರನ್ನು ಉಳಿಸಿಕೊಂಡ ಹಾಗೂ ಆಯಿತು. ಮುಂದೆ ಇನಿಗೋಗೆ ಕೋಟೆಗೆ ನುಗ್ಗಬೇಕಾದಾಗ ಅವನು ಫೆಜ್ಜಿಕ್ ಮುಂದೆ ಹಾಕುವ ಲೆಕ್ಕ ಇದು: ನನ್ನನ್ನು ಕತ್ತಿಯಲ್ಲಿ ಸೋಲಿಸಿದವನು, ನಿನ್ನನ್ನು ಬಲದಲ್ಲಿ ಸೋಲಿಸಿದವನು, ವಿಜ್ಜಿನಿಯನ್ನು ಬುದ್ಧಿಯಲ್ಲಿ ಮೀರಿಸಿದವನು, ಅವನೇ ನಮಗೆ ಉಪಾಯ ಹೇಳಬೇಕು. ಮೊದಲ ಅರ್ಧದ ಮೂರು ಕಾಳಗವೂ ಎರಡನೆಯ ಅರ್ಧಕ್ಕೆ ಕಾರಣವಾಗಿ ಬಂತು. ಅವು ಬರೀ ಫೈಟ್ ಸೀನ್ ಆಗಿದ್ದರೆ ಕತ್ತರಿಸಿ ಹಾಕಬಹುದಿತ್ತು. ಈಗ ಒಂದನ್ನು ತೆಗೆದರೂ ಕಥೆ ಮುರಿಯುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಕ್ಲೈಮ್ಯಾಕ್ಸ್‌ನಲ್ಲಿ ವೆಸ್ಟ್ಲಿಗೆ ಕೈಕಾಲಲ್ಲಿ ಶಕ್ತಿ ಇಲ್ಲ. ಬಲ ಹೋಯಿತು, ಕತ್ತಿವರಸೆಯೂ ಹೋಯಿತು. ಉಳಿದಿದ್ದು ತಲೆ ಮಾತ್ರ. ಹಾಸಿಗೆಯಲ್ಲಿ ಒರಗಿಕೊಂಡೇ ಬಾಯಿಮಾತಿನಲ್ಲಿ ಹಂಪರ್‌ಡಿಂಕ್‌ನನ್ನು ಹೆದರಿಸಿ, ಕೊನೆಗೆ ಹೇಗೋ ಎದ್ದು ನಿಂತು ಕತ್ತಿ ಕೆಳಗೆ ಹಾಕಿಸುತ್ತಾನೆ.

ನಮ್ಮ ಲೆಕ್ಕದ ಇಂಟರ್ವಲ್

ಬೆಂಕಿ ಜೌಗು ದಾಟಿ ಪ್ರೇಮಿಗಳು ಹೊರಗೆ ಬರುತ್ತಿದ್ದಂತೆ ಹಂಪರ್‌ಡಿಂಕ್‌ನ ಸೈನಿಕರು ಸುತ್ತುತ್ತಾರೆ. ವೆಸ್ಟ್ಲಿಯನ್ನು ಬಿಟ್ಟರೆ ನಾನು ಬರುತ್ತೇನೆ ಅಂತ ಬಟರ್‌ಕಪ್ ಶರಣಾಗುತ್ತಾಳೆ. ಹೆಚ್ಚೂಕಡಿಮೆ ಸಿನಿಮಾದ ನಟ್ಟನಡು. ಅವಳು ಹೋದ ಮೇಲೆ ವೆಸ್ಟ್ಲಿ ಪಕ್ಕದಲ್ಲಿದ್ದ, ರಾಜಕುಮಾರನ ಆಪ್ತ ಕೌಂಟ್ ರೂಗನ್‌ನ ಬಲಗೈ ನೋಡುತ್ತಾನೆ. ಆರು ಬೆರಳು.

ಇನಿಗೋ ಇಪ್ಪತ್ತು ವರ್ಷದಿಂದ ಹುಡುಕುತ್ತಿರುವ, ಅವನ ಅಪ್ಪನನ್ನು ಕೊಂದ ಮನುಷ್ಯ ಇವನೇ. ಈ ವಿಷಯ ವೆಸ್ಟ್ಲಿಗೆ ಗೊತ್ತಾಗಿದ್ದು ಹೇಗೆ? ಕತ್ತಿ ಕಾಳಗಕ್ಕೆ ಮುಂಚೆ ಇನಿಗೋ ಅವನಿಗೆ ಕಥೆ ಹೇಳಿದ್ದ, ನಿನಗೆ ಆರು ಬೆರಳಿಲ್ಲ ತಾನೆ ಅಂತಲೂ ಕೇಳಿದ್ದ. ಆಗ ನಗು ಬಂದಿತ್ತು, ಈಗ ಬೆನ್ನು ನೆಟ್ಟಗಾಗುತ್ತದೆ. ಪ್ರೀತಿಯ ಎಳೆ, ಸೇಡಿನ ಎಳೆ ಎರಡಕ್ಕೂ ಗಂಟು ಬಿದ್ದಿತು.

ನನ್ನ ಪ್ರಕಾರ ಒಳಗಿನ ಕಥೆಯಲ್ಲಿ ಚಿತ್ರಕಥೆಯ ಪಾಠದಲ್ಲಿ ಹೇಳುವ ನಿಯಮದಂತೆ ನಡೆಯುವ ಕಥಾಹಂದರ ಇನಿಗೋನದೇ. ಗುರಿ ಇದೆ, ಅಡ್ಡಿ ಇದೆ, ಕುಡಿದು ಬಿದ್ದ ಕೆಳಗಿನ ಹಂತ ಇದೆ, ಗೆದ್ದ ಮೇಲೆ ಮುಂದೇನು ಅನ್ನುವ ಖಾಲಿತನವೂ ಇದೆ. ವೆಸ್ಟ್ಲಿ ಮೊದಲಿಂದ ಕೊನೆವರೆಗೂ ಒಂದೇ ಥರ.

ದೂರು ಹೇಳಬೇಕಾದ ಜಾಗಗಳೂ ಇವೆ. ವೆಸ್ಟ್ಲಿಯನ್ನು ಕೂಡಿಹಾಕಿದ ಕತ್ತಲ ಗುಹೆಯ ಬಾಗಿಲು ಹುಡುಕಲು ಇನಿಗೋ ಅಪ್ಪನ ಆತ್ಮವನ್ನು ಬೇಡಿ, ಕತ್ತಿ ಹಿಡಿದು ಕಣ್ಣು ಮುಚ್ಚಿ ನಡೆದು, ಸರಿಯಾದ ಮರಕ್ಕೇ ಹೋಗಿ ಮುಟ್ಟುತ್ತಾನೆ. ಅದೃಷ್ಟದ ಆಟ. ಬೇರೆ ಸಿನಿಮಾದಲ್ಲಾಗಿದ್ದರೆ ಬೈಯುತ್ತಿದ್ದೆವು. ಬಟರ್‌ಕಪ್‌ಳದು ಇನ್ನೂ ದೊಡ್ಡ ತಕರಾರು. ಮೊದಲ ಅರ್ಧದಲ್ಲಿ ಸಮುದ್ರಕ್ಕೆ ಹಾರಿದವಳು, ಗಂಡಸನ್ನು ಗುಡ್ಡದಿಂದ ತಳ್ಳಿದವಳು, ಎರಡನೆಯ ಅರ್ಧದಲ್ಲಿ ಜಾಸ್ತಿ ಕಾಯುವುದನ್ನೇ ಮಾಡುತ್ತಾಳೆ.

ನಗು ಎಲ್ಲಿಂದ ಬರುತ್ತದೆ

ರಷ್ಯಾದ ವ್ಲಾಡಿಮಿರ್ ಪ್ರಾಪ್ 1928ರಲ್ಲಿ ಅಲ್ಲಿನ ಕಿನ್ನರ ಕಥೆಗಳನ್ನು ಬಿಡಿಸಿ, ಅವುಗಳಲ್ಲಿ ನಡೆಯುವ ಘಟನೆಗಳನ್ನು 31 ಬಗೆ ಮಾಡಿದರು. ನಾಯಕನಿಗೆ ಮಾಯದ ವಸ್ತು ಕೊಡುವವನು ಅವರ ಪಟ್ಟಿಯಲ್ಲಿ ಒಂದು ಖಾಯಂ ಪಾತ್ರ. ಇಲ್ಲಿ ಅವನು ಮಿರಾಕಲ್ ಮ್ಯಾಕ್ಸ್. ಹಿಂಸೆಯಲ್ಲಿ ಸತ್ತಂತಿರುವ ವೆಸ್ಟ್ಲಿಯನ್ನು ಗೆಳೆಯರು ಇವನ ಹತ್ತಿರ ಹೊತ್ತು ತರುತ್ತಾರೆ. ಆದರೆ ರಾಜಕುಮಾರ ಕೆಲಸದಿಂದ ತೆಗೆದ ಮುದುಕ, ಬಾಗಿಲು ತೆರೆಯಲೂ ಮನಸ್ಸಿಲ್ಲ. ವೆಸ್ಟ್ಲಿ ಪೂರ್ತಿ ಸತ್ತಿಲ್ಲ, ಮುಕ್ಕಾಲು ಸತ್ತಿದ್ದಾನೆ ಅನ್ನುವ ಥರದ ವರದಿ ಕೊಡುತ್ತಾನೆ. ಹೆಂಡತಿ ಜೊತೆ ಜಗಳ ಆದ ಮೇಲೆ ಚಾಕೊಲೇಟ್ ಸವರಿದ ಮಾತ್ರೆ ತಯಾರು. ಪೂರ್ತಿ ಕೆಲಸ ಮಾಡಲು ಹದಿನೈದು ನಿಮಿಷ ಬೇಕು, ಒಂದು ಗಂಟೆ ಈಜಬಾರದು ಅಂತ ಸೂಚನೆ ಬೇರೆ. ಮೆಡಿಕಲ್ ಶಾಪ್‌ನವನು ‘ಊಟ ಆದ ಮೇಲೆ ತಗೊಳ್ಳಿ’ ಅಂದ ಹಾಗೆ! ಪವಾಡಕ್ಕೆ ಇರುವ ಗತ್ತು ಹೋಯಿತು, ಆದರೆ ಪವಾಡ ಮಾತ್ರ ನಡೆಯಿತು. ಈ ಸಿನಿಮಾದ ಹಾಸ್ಯದ ರೀತಿಯೇ ಇದು. ಕಿನ್ನರ ಕಥೆಯ ಹಂತ ಯಾವುದನ್ನೂ ತೆಗೆಯುವುದಿಲ್ಲ, ಅದರ ಗಾಂಭೀರ್ಯ ಮಾತ್ರ ತೆಗೆಯುತ್ತದೆ.

ಹುಡುಗ ಸಿಟ್ಟಾದ ಜಾಗ

ಕಥೆಯ ನಡುವೆ ಬಟರ್‌ಕಪ್ ಹಂಪರ್‌ಡಿಂಕ್‌ನನ್ನು ಮದುವೆಯಾದಳು ಅಂತ ಅಜ್ಜ ಓದುತ್ತಾರೆ. ಹುಡುಗ ರೇಗುತ್ತಾನೆ. ತಪ್ಪು ಓದುತ್ತಿದ್ದೀರಿ, ವೆಸ್ಟ್ಲಿ ಅಷ್ಟೆಲ್ಲ ಮಾಡಿದ ಮೇಲೆ ಹೀಗಾದರೆ ನ್ಯಾಯ ಅಲ್ಲ ಅಂತ. ಓದು ಮುಂದುವರಿದಾಗ ಗೊತ್ತಾಗುವುದು, ಅದು ಬಟರ್‌ಕಪ್ ಕಂಡ ಕೆಟ್ಟ ಕನಸು. ಕಥೆಯ ವ್ಯಾಕರಣ ಹುಡುಗನಿಗೆ ಆಗಲೇ ಬಾಯಿಪಾಠ. ಪುಸ್ತಕ ಬೋರು ಅಂದಿದ್ದವನೇ ಈಗ ಅದರ ಕಾವಲುಗಾರ.

ಆಮೇಲೆ ಬರುತ್ತದೆ ನಿಜವಾದ ಪೆಟ್ಟು. ಹಂಪರ್‌ಡಿಂಕ್ ಗುಹೆಯಲ್ಲಿದ್ದ ಹಿಂಸೆಯ ಯಂತ್ರವನ್ನು ಪೂರ್ತಿ ತಿರುಗಿಸಿದ ಮೇಲೆ ವೆಸ್ಟ್ಲಿ ಸತ್ತ. ಹುಡುಗ ನಂಬುವುದಿಲ್ಲ. ಹಾಗಾದರೆ ಕೊನೆಯಲ್ಲಿ ಹಂಪರ್‌ಡಿಂಕ್‌ನನ್ನು ಯಾರು ಕೊಲ್ಲುತ್ತಾರೆ, ಇನಿಗೋನಾ ಅಂತ ಕೇಳುತ್ತಾನೆ. ಯಾರೂ ಕೊಲ್ಲುವುದಿಲ್ಲ, ಅವನು ಬದುಕುತ್ತಾನೆ ಅನ್ನುತ್ತಾರೆ ಅಜ್ಜ. ಮತ್ತೆ ಈ ಪುಸ್ತಕ ಯಾಕೆ ಓದಿದಿರಿ ಅಂತ ಹುಡುಗ ಕೂಗಾಡುತ್ತಾನೆ. ಓದು ನಿಲ್ಲಿಸೋಣವಾ ಅಂದಾಗ ಬೇಡ, ಕೂತುಕೊಳ್ಳಿ ಅನ್ನುತ್ತಾನೆ. ಎರಡೂ ಕಥೆಗಳ ಅತಿ ಕೆಳಗಿನ ಬಿಂದು ಒಂದೇ ಕ್ಷಣಕ್ಕೆ ಬಂದು ಕೂತಿದೆ. ಒಳಗೆ ನಾಯಕ ಸತ್ತಿದ್ದಾನೆ, ಹೊರಗೆ ಪುಸ್ತಕ ಮುಚ್ಚುವ ಹಂತಕ್ಕೆ ಬಂದಿದೆ. ಗ್ರಾಫ್ ಹಾಕುವವರು ಎರಡು ಗೆರೆ ಎಳೆದು ಈ ಜಾಗದಲ್ಲಿ ಸೇರಿಸಿ ನೋಡಿ.

ಪ್ರಾಪ್ ಪಟ್ಟಿಯಲ್ಲಿ 30ನೆಯದು ಖಳನಿಗೆ ಶಿಕ್ಷೆ, 31ನೆಯದು ಮದುವೆ. ಇಲ್ಲಿ ಮದುವೆ ಮೊದಲೇ ನಡೆಯುತ್ತದೆ, ತಪ್ಪು ವರನ ಜೊತೆ. ತೊದಲುವ ಪಾದ್ರಿಯನ್ನು ರಾಜಕುಮಾರ ಅವಸರ ಪಡಿಸಿ ಮುಗಿಸುತ್ತಾನೆ. ಬಟರ್‌ಕಪ್ ‘ಒಪ್ಪಿದ್ದೇನೆ’ ಅಂತ ಹೇಳಲೇ ಇಲ್ಲ, ಹಾಗಾಗಿ ಅದು ಮದುವೆಯೇ ಅಲ್ಲ ಅನ್ನುತ್ತಾನೆ ವೆಸ್ಟ್ಲಿ. ಶಿಕ್ಷೆಯಂತೂ ಇಲ್ಲವೇ ಇಲ್ಲ. ರೂಗನ್ ಇನಿಗೋನ ಕೈಯಲ್ಲಿ ಸಾಯುತ್ತಾನೆ. ಹಂಪರ್‌ಡಿಂಕ್‌ನನ್ನು ಕುರ್ಚಿಗೆ ಕಟ್ಟಿ, ಎಲ್ಲರೂ ಕಿಟಕಿಯಿಂದ ಬಿಳಿ ಕುದುರೆಗಳ ಮೇಲೆ ಇಳಿದು ಹೊರಡುತ್ತಾರೆ. ಅಜ್ಜ ಹೇಳಿದ ಹಾಗೆ ಅವನು ಬದುಕಿಯೇ ಇದ್ದಾನೆ.

ಯಾರು ಕೊಲ್ಲುತ್ತಾರೆ ಅಂತ ಅಷ್ಟು ಕೂಗಾಡಿದ್ದ ಹುಡುಗ ಕೊನೆಯಲ್ಲಿ ಆ ಮಾತೇ ಎತ್ತುವುದಿಲ್ಲ. ಮುತ್ತಿನ ಭಾಗ ಓದಿದರೂ ಬೇಸರ ಇಲ್ಲ ಅನ್ನುತ್ತಾನೆ. ನೋಡುವಾಗ ನಿಮಗೂ ಹಂಪರ್‌ಡಿಂಕ್ ನೆನಪಾಗಲಿಲ್ಲ, ಅಲ್ವಾ?