ಹೊಟ್ಟೆ ಚಿಕ್ಕದಾದ ಮೇಲಿನ ವರ್ಷಗಳು

ನನ್ನ ಅಕ್ಕನ ಮನೆ ವಿರಾಜಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿದೆ. ಬೆಳಿಗ್ಗೆ ಆರಕ್ಕೆ ಎದ್ದವಳೇ ಮೊದಲು ಕಬ್ಬಿಣಾಂಶದ ಮಾತ್ರೆ ನುಂಗುತ್ತಾಳೆ. ಆಮೇಲೆ ಎರಡು ಗಂಟೆ ಕಾಫಿ ಮುಟ್ಟುವ ಹಾಗಿಲ್ಲ. ಕಾಫಿ, ಟೀ ಎರಡೂ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಮನೆಯವರೆಲ್ಲ ಬೆಲ್ಲದ ಕಾಫಿ ಹಿಡಿದು ಜಗಲಿಯಲ್ಲಿ ಕೂತಿರುವಾಗ ಅವಳು ಗಡಿಯಾರ ನೋಡುತ್ತಿರುತ್ತಾಳೆ. ಮಧ್ಯಾಹ್ನ ಕ್ಯಾಲ್ಸಿಯಂ ಮಾತ್ರೆ. ಅದನ್ನು ಕಬ್ಬಿಣದ ಮಾತ್ರೆಯ ಜೊತೆ ತಗೊಳ್ಳುವಂತಿಲ್ಲ. ರಾತ್ರಿ ವಿಟಮಿನ್. ಮೂರು ತಿಂಗಳಿಗೊಮ್ಮೆ ವಿಟಮಿನ್ ಬಿ12 ಇಂಜೆಕ್ಷನ್.

ಒಂಬತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಅವಳಿಗೆ ತೂಕ ಇಳಿಸುವ ಆಪರೇಷನ್ ಆಯಿತು. ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಜಠರವನ್ನು ಪುಟ್ಟದು ಮಾಡಿ ಊಟದ ದಾರಿಯನ್ನೇ ಬದಲಿಸುವುದು. ಆಗ ಅವಳ ತೂಕ 112 ಕೆಜಿ. ಶುಗರ್ ಇತ್ತು, ಮಂಡಿ ನೋವಿತ್ತು, ತೋಟದ ಏರು ಹತ್ತಲು ಆಗುತ್ತಿರಲಿಲ್ಲ. ಒಂದೂವರೆ ವರ್ಷದಲ್ಲಿ 40 ಕೆಜಿ ಇಳಿದಳು. ಶುಗರ್ ಮಾತ್ರೆ ನಿಂತಿತು. ಮೂರನೇ ವರ್ಷದ ಹೊತ್ತಿಗೆ, ಚೆನ್ನಾಗಿದ್ದೀನಲ್ಲ ಎಂದು ವಿಟಮಿನ್ ಮಾತ್ರೆಗಳನ್ನೂ ಬಿಟ್ಟಳು. ಯಾರೂ ಬೇಡ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಐದನೇ ವರ್ಷ ಪಾದ ಜುಮ್ಮೆನ್ನಲು ಶುರುವಾಯಿತು. ಕತ್ತಲಲ್ಲಿ ನಡೆದರೆ ತೂರಾಡುತ್ತಿದ್ದಳು. ಊರಿನ ಕ್ಲಿನಿಕ್ಕಿನಲ್ಲಿ ಹಳೇ ಶುಗರ್‌ನಿಂದ ಬಂದ ನರದ ತೊಂದರೆ ಅಂದರು. ಸುಮಾರು ಒಂದು ವರ್ಷ ಅದಕ್ಕೇ ಮಾತ್ರೆ ನಡೆಯಿತು. ಹೊಟ್ಟೆಯ ಆಪರೇಷನ್ ಆಗಿದೆಯಾ ಎಂದು ಅವರು ಕೇಳಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಎಂದು ನಮಗೂ ಹೊಳೆಯಲಿಲ್ಲ. ಕೊನೆಗೆ ಮೈಸೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ತಳ ಮುಟ್ಟಿತ್ತು. ಇಂಜೆಕ್ಷನ್ ಶುರುವಾದ ಮೇಲೆ ನಡಿಗೆ ಸರಿಹೋಯಿತು. ಎಡಗಾಲಿನ ಬೆರಳುಗಳ ಮರಗಟ್ಟು ಮಾತ್ರ ಇವತ್ತಿಗೂ ಹೋಗಿಲ್ಲ.

ಆ ಒಂದು ವರ್ಷ ಯಾಕೆ ಹಾಗೆ ವ್ಯರ್ಥವಾಯಿತು ಎಂದು ಹುಡುಕುತ್ತಾ ಹೋದಾಗ ಈ ಆಪರೇಷನ್ನಿನ ಇತಿಹಾಸ ಸಿಕ್ಕಿತು. ಎಪ್ಪತ್ತು ವರ್ಷದಿಂದ ಅದರಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಆಗಿದೆ. ಲಾಭ ಬೇಗ ಕಾಣುತ್ತದೆ. ತೊಂದರೆ ನಿಧಾನಕ್ಕೆ ಬರುತ್ತದೆ. ಬರುವ ಹೊತ್ತಿಗೆ ರೋಗಿ ಮನೆ ಸೇರಿರುತ್ತಾರೆ, ಸರ್ಜನ್ ದೂರದಲ್ಲಿರುತ್ತಾರೆ.

ಮೊದಲನೆಯದು 1954ರಲ್ಲಿ. ಅಮೆರಿಕದ ಮಿನೆಸೋಟದಲ್ಲಿ ಕ್ರೆಮೆನ್, ಲಿನ್ನರ್ ಮತ್ತು ಜೊತೆಗಾರರು ಸಣ್ಣ ಕರುಳಿನ ಬಹುಭಾಗವನ್ನು ದಾರಿಯಿಂದ ಬಿಟ್ಟು, ಮೊದಲ ತುದಿಯನ್ನು ಕೊನೆಯ ತುದಿಗೆ ಜೋಡಿಸುವ ವಿಧಾನವನ್ನು ವರದಿ ಮಾಡಿದರು. ಸಣ್ಣ ಕರುಳು ಹತ್ತಿರ ಹತ್ತಿರ 6 ಮೀಟರ್ ಉದ್ದ. ಮುಂದೆ 1960ರ ದಶಕದಲ್ಲಿ ಜನಪ್ರಿಯವಾದ ವಿಧಾನದಲ್ಲಿ ಊಟ ಹಾದುಹೋಗಲು ಉಳಿಯುತ್ತಿದ್ದದ್ದು ಅದರಲ್ಲಿ ಬರೀ 45 ಸೆಂಟಿಮೀಟರ್. ಎಷ್ಟು ತಿಂದರೂ ತೂಕ ಇಳಿಯುತ್ತಿತ್ತು. ಎಲ್ಲರಿಗೂ ಖುಷಿಯಾಯಿತು. ಆಮೇಲಿನ ವರ್ಷಗಳಲ್ಲಿ ಒಂದೊಂದೇ ಹೊರಬಂತು: ನಿಲ್ಲದ ಭೇದಿ, ಕಿಡ್ನಿ ಕಲ್ಲು, ಕೀಲುನೋವು, ಕೆಲವರಿಗೆ ಲಿವರ್ ಕೈಕೊಟ್ಟು ಸಾವು. ಬಿಟ್ಟ ಕರುಳನ್ನು ಎಷ್ಟೋ ಜನರಿಗೆ ಮತ್ತೆ ಜೋಡಿಸಬೇಕಾಯಿತು. 1980ರ ದಶಕದ ಹೊತ್ತಿಗೆ ಈ ವಿಧಾನ ನಿಂತೇಹೋಯಿತು.

ಎರಡನೆಯದು ಅಯೋವ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಅವರಿಂದ. ಆ ಕಾಲದಲ್ಲಿ ಹೊಟ್ಟೆ ಹುಣ್ಣಿಗೆ ಜಠರದ ಒಂದು ಭಾಗವನ್ನು ಕತ್ತರಿಸಿ ತೆಗೆಯುತ್ತಿದ್ದರು. ಹಾಗೆ ಮಾಡಿಸಿಕೊಂಡ ಹೆಂಗಸರು ಆಮೇಲೆ ದಪ್ಪಗಾಗುವುದೇ ಇಲ್ಲ ಎಂದು ಮೇಸನ್ ಗಮನಿಸಿದರು. 1966ರಲ್ಲಿ ಅವರು ಮಾಡಿದ ಆಪರೇಷನ್ನೇ ಗ್ಯಾಸ್ಟ್ರಿಕ್ ಬೈಪಾಸ್. ಈಗಿನ ರೂಪ ಅದಕ್ಕೆ ಬಂದದ್ದು 1977ರ ಸುಮಾರಿಗೆ. ಜಠರದ ಮೇಲ್ತುದಿಯಲ್ಲಿ 30 ಮಿಲಿ ಹಿಡಿಯುವಷ್ಟು ಪುಟ್ಟ ಚೀಲ ಉಳಿಸಿ, ಅದಕ್ಕೆ ಕರುಳಿನ ಕೆಳಗಿನ ಭಾಗವನ್ನು ಎಳೆದು ಜೋಡಿಸುತ್ತಾರೆ. ಕಾಫಿ ಲೋಟದ ಕಾಲು ಭಾಗವೂ ಇಲ್ಲದ ಹೊಟ್ಟೆ ಅದು. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಅದನ್ನು ಮುಟ್ಟುವುದಿಲ್ಲ.

ಅಕ್ಕನ ಕಾಲಿನ ಕಥೆ ಇಲ್ಲೇ ಇದೆ. ಮಾಂಸ, ಮೊಟ್ಟೆ, ಹಾಲಿನಲ್ಲಿರುವ ಬಿ12 ರಕ್ತಕ್ಕೆ ಸೇರಬೇಕಾದರೆ ಜಠರದ ಆಮ್ಲ ಬೇಕು, ಜಠರದ ಗೋಡೆಯಿಂದ ಬರುವ ಒಂದು ಪ್ರೊಟೀನೂ ಬೇಕು. ಊಟ ಆ ಗೋಡೆಯನ್ನೇ ಮುಟ್ಟದಿದ್ದರೆ ಎರಡೂ ಸರಿಯಾಗಿ ಸಿಗುವುದಿಲ್ಲ. ಆದರೆ ಲಿವರ್‌ನಲ್ಲಿ ಬಿ12 ವರ್ಷಗಟ್ಟಲೆಗೆ ಆಗುವಷ್ಟು ಕೂಡಿಟ್ಟಿರುತ್ತದೆ. ಆ ಉಳಿತಾಯ ಕರಗುವವರೆಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿಯೇ ಮೂರನೇ ವರ್ಷ ಬಿಟ್ಟ ಮಾತ್ರೆಯ ಲೆಕ್ಕ ಐದನೇ ವರ್ಷ ಬಂತು. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಬೈಪಾಸ್ ಆದವರಲ್ಲಿ ಊಟ ಆ ಭಾಗವನ್ನೂ ಮುಟ್ಟದೆ ಹೋಗುತ್ತದೆ. ಅದರಿಂದ ರಕ್ತ ಕಡಿಮೆಯಾಗಬಹುದು, ಮೂಳೆ ತೆಳುವಾಗಬಹುದು. ಇವೂ ಸದ್ದಿಲ್ಲದೆ ಬರುವ ತೊಂದರೆಗಳೇ.

ಮಧ್ಯೆ ಬ್ಯಾಂಡ್ ಬಂತು. 1993ರಲ್ಲಿ ಬೆಲ್ಜಿಯಂನಲ್ಲಿ ಕೀಹೋಲ್ ಮೂಲಕ, ಅಂದರೆ ಹೊಟ್ಟೆಯ ಮೇಲೆ ಮಾಡಿದ ಸಣ್ಣ ತೂತುಗಳಿಂದ, ಜಠರದ ಸುತ್ತ ಸಿಲಿಕೋನ್ ಪಟ್ಟಿ ಹಾಕಿದರು. ಬೇಡವಾದರೆ ತೆಗೆಯಬಹುದು ಎಂಬ ಭರವಸೆಯಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ಜಾರುವುದು, ಜಠರದ ಗೋಡೆಯನ್ನು ಕೊರೆಯುವುದು ಜಾಸ್ತಿಯಾಗಿ ಎಷ್ಟೋ ಜನ ನಿಜಕ್ಕೂ ತೆಗೆಸಿಕೊಂಡರು. ಈಗ ಅದು ಅಪರೂಪ.

ಇವತ್ತು ನಮ್ಮಲ್ಲಿ ಜಾಸ್ತಿ ಕೇಳುವ ಹೆಸರು ಸ್ಲೀವ್. ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನಂಥ ಕೊಳವೆ ಉಳಿಸುತ್ತಾರೆ. ಇದು ಮೊದಲು ಪೂರ್ತಿ ಆಪರೇಷನ್ನೇ ಆಗಿರಲಿಲ್ಲ. ತೀರಾ ತೂಕವಿದ್ದವರಿಗೆ ದೊಡ್ಡ ಆಪರೇಷನ್ ಒಂದೇ ಸಲಕ್ಕೆ ಅಪಾಯ ಎಂದು 2000ದ ಆಸುಪಾಸಿನಲ್ಲಿ ಎರಡು ಹಂತ ಮಾಡಿದರು. ಮೊದಲ ಹಂತವೇ ಸ್ಲೀವ್. ಎಷ್ಟೋ ಜನರಿಗೆ ಅದರಲ್ಲೇ ಸಾಕಷ್ಟು ತೂಕ ಇಳಿದು ಎರಡನೆಯದು ಬೇಕಾಗಲಿಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದಿದ್ದರು. ಅದು ಹೆಚ್ಚಾಗಿ ತಯಾರಾಗುವ ಭಾಗವನ್ನೇ ಸ್ಲೀವ್‌ನಲ್ಲಿ ತೆಗೆಯುತ್ತಾರೆ. ಇದರ ನಿಧಾನದ ತೊಂದರೆ ಎದೆಯುರಿ. ಕೆಲವರಿಗೆ ಆಮ್ಲ ಮೇಲೆ ನುಗ್ಗಿ ಅನ್ನನಾಳವನ್ನೇ ಕೆಡಿಸುತ್ತದೆ. ಅಂಥವರಲ್ಲಿ ಕೆಲವರು ಮತ್ತೆ ಬೈಪಾಸ್ ಮಾಡಿಸಿಕೊಳ್ಳಬೇಕಾಗುತ್ತದೆ.

ಇಷ್ಟು ಓದಿ ಯಾರೂ ಹೆದರಬಾರದು. ಸ್ವೀಡನ್ನಿನಲ್ಲಿ 1987ರಿಂದ ಆಪರೇಷನ್ ಆದವರನ್ನೂ ಆಗದ ದಪ್ಪಗಿನವರನ್ನೂ ಜೊತೆಜೊತೆಗೆ ಗಮನಿಸುತ್ತಾ ಬಂದರು. 2007ರಲ್ಲಿ ಬಂದ ಫಲಿತಾಂಶದಲ್ಲಿ ಆಪರೇಷನ್ ಆದವರ ಗುಂಪಿನಲ್ಲಿ ಸಾವು ಕಡಿಮೆ ಇತ್ತು. ಅಕ್ಕ ಇವತ್ತು ತೋಟದ ಏರು ಹತ್ತುತ್ತಾಳೆ. ಮೊದಲೇ ಇದೆಲ್ಲ ಗೊತ್ತಿದ್ದರೆ ಮಾಡಿಸಿಕೊಳ್ಳುತ್ತಿದ್ದೆಯಾ ಎಂದು ಕೇಳಿದ್ದೆ. ಹೂಂ, ಆದರೆ ಮಾತ್ರೆ ಬಿಡುತ್ತಿರಲಿಲ್ಲ ಅಂದಳು.

ಇನ್ನು ಕೊಡಗಿನ ಮಾತು. ಈ ಭಾಗದ ಬಗ್ಗೆ ಆಸ್ಪತ್ರೆಯ ಪುಸ್ತಿಕೆಯಲ್ಲಿ ಏನೂ ಇರಲಿಲ್ಲ.

ನಮ್ಮಲ್ಲಿ ಮದುವೆ ಅಂದರೆ ಊಟ, ಅದರ ಜೊತೆ ಕುಡಿತ. ಬೈಪಾಸ್ ಆದವರ ಹೊಟ್ಟೆಯಲ್ಲಿ ಮದ್ಯ ನಿಲ್ಲುವುದೇ ಇಲ್ಲ. ನೇರ ಕರುಳಿಗೆ ಇಳಿದು ಕೆಲವೇ ನಿಮಿಷದಲ್ಲಿ ರಕ್ತಕ್ಕೆ ಏರುತ್ತದೆ. ಮೊದಲು ಮೂರು ಪೆಗ್ ತಡೆಯುತ್ತಿದ್ದವರಿಗೆ ಒಂದೇ ಸಾಕಾಗುತ್ತದೆ. ನಮ್ಮ ತಿರುವಿನ ರಸ್ತೆಗಳಲ್ಲಿ ಅದು ಸಣ್ಣ ವಿಷಯ ಅಲ್ಲ. ಇದಕ್ಕಿಂತ ಆಳದ್ದು ಇನ್ನೊಂದಿದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಕುಡಿತದ ಸಮಸ್ಯೆ ಆಪರೇಷನ್ನಿನ ಮೊದಲ ವರ್ಷ ಏರಲಿಲ್ಲ, ಎರಡನೇ ವರ್ಷ ಏರಿತು. ಅದರಲ್ಲೂ ಬೈಪಾಸ್ ಆದವರಲ್ಲಿ. ಊಟದಲ್ಲಿ ಸಿಗುತ್ತಿದ್ದ ಸಮಾಧಾನ ಹೋದ ಮೇಲೆ ಮನಸ್ಸು ಬೇರೆ ದಾರಿ ಹುಡುಕುತ್ತದೆ ಅನ್ನುತ್ತಾರೆ. ‘ಒಂದು ಗ್ಲಾಸ್ ತಗೊಳಿ, ಏನಾಗಲ್ಲ’ ಅನ್ನುವುದು ನಮ್ಮ ಕಡೆ ಉಪಚಾರದ ಮಾತು. ಆಪರೇಷನ್ ಆದವರಿಗೆ ದಯವಿಟ್ಟು ಹಾಗೆ ಅನ್ನಬೇಡಿ.

ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರ ದಿನ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವೆ, ಅಲ್ವಾ? ಮೊದಲ ವರ್ಷ ಅಕ್ಕ ಆಸೆಯಿಂದ ಒಂದು ಬಟ್ಟಲು ತಿಂದಳು. ಅರ್ಧ ಗಂಟೆಯೊಳಗೆ ಎದೆ ಹೊಡೆದುಕೊಂಡು, ಬೆವರಿ, ಹೊಟ್ಟೆ ಹಿಂಡಿ ಮಲಗಿಬಿಟ್ಟಳು. ಸಿಹಿ ಒಮ್ಮೆಗೇ ಕರುಳಿಗೆ ಸುರಿದಾಗ ಹೀಗಾಗುತ್ತದೆ. ಡಂಪಿಂಗ್ ಅನ್ನುತ್ತಾರೆ. ಇದರದ್ದೇ ಇನ್ನೊಂದು ರೂಪ ಒಂದರಿಂದ ಮೂರು ಗಂಟೆ ಬಿಟ್ಟು ಬರುತ್ತದೆ. ಆಗ ಇನ್ಸುಲಿನ್ ಜಾಸ್ತಿಯಾಗಿ ಶುಗರ್ ದಿಢೀರ್ ಇಳಿಯುತ್ತದೆ. ಈಗ ಅವಳ ಪಾಲು ಎರಡು ಚಮಚ, ಅದೂ ಊಟದ ಕೊನೆಗೆ. ಸುಗ್ಗಿಯ ಹಬ್ಬ ಪುತ್ತರಿಗೆ ಒಂದೇ ಕಡಂಬುಟ್ಟು (ಅಕ್ಕಿಯ ಉಂಡೆ), ಜೊತೆಗೆ ಪಂದಿ ಕರಿಯಲ್ಲಿ ಕೊಬ್ಬಿಲ್ಲದ ನಾಲ್ಕು ತುಂಡು. ತುಂಡು ಮೊದಲು, ಅಕ್ಕಿ ಆಮೇಲೆ. ದಿನಕ್ಕೆ 60 ಗ್ರಾಂ ಪ್ರೊಟೀನ್ ಆದರೂ ಬೇಕು, ಹೊಟ್ಟೆಯಲ್ಲಿ ಜಾಗ ಕಡಿಮೆ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ. ಹಂದಿ ಮಾಂಸ ನಮ್ಮ ಅಡುಗೆಮನೆಯಲ್ಲಿ ಸುಲಭಕ್ಕೆ ಸಿಗುವುದು ಒಂದು ಪುಣ್ಯ. ಪ್ರೊಟೀನ್ ಜೊತೆಗೆ ಅದರಲ್ಲಿ ವಿಟಮಿನ್ ಬಿ1, ಬಿ12, ಕಬ್ಬಿಣಾಂಶ ಎಲ್ಲ ಇದೆ.

ಆ ಪಂದಿ ಕರಿಗೆ ಹಾಕುವ ಕಾಚಂಪುಳಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ಕುದಿಸಿ ಇಳಿಸಿದ್ದು. ಅದೇ ಹಣ್ಣಿನ ಸಿಪ್ಪೆಯ ಸಾರವನ್ನು ಗಾರ್ಸೀನಿಯ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಜಗತ್ತೆಲ್ಲ ಮಾರಿದರು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದಾಗ, ಸುಮ್ಮನೆ ಕೊಟ್ಟ ಖಾಲಿ ಮಾತ್ರೆಗಿಂತ ಅದು ಹೆಚ್ಚೇನೂ ಮಾಡಲಿಲ್ಲ. ಲಿವರ್‌ಗೆ ಪೆಟ್ಟಾದ ಪ್ರಕರಣಗಳೂ ಆಮೇಲೆ ವರದಿಯಾದವು. ಆಪರೇಷನ್ನಿಗೆ ಮುಂಚೆ ಅಕ್ಕನೂ ಎರಡು ಡಬ್ಬಿ ಮುಗಿಸಿದ್ದಳು. ಕಾಚಂಪುಳಿ ಕರಿಯಲ್ಲೇ ಇರಲಿ.

ದೂರದ ವಿಷಯ ಇನ್ನೂ ಮುಖ್ಯ. ಕೊಡಗಿಗೆ ರೈಲಿಲ್ಲ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಅದೊಂದು ದೊಡ್ಡ ಆಸರೆ. ಆದರೂ ಈ ಆಪರೇಷನ್ ಅಂದರೆ ಜನ ಮೈಸೂರು, ಬೆಂಗಳೂರು, ಮಂಗಳೂರಿನ ಕಡೆಗೇ ಹೋಗುತ್ತಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ರಸ್ತೆಯೇ ಕಡಿದುಹೋಗಿತ್ತು. ಅಂಥ ಹೊತ್ತಿನಲ್ಲಿ ಹೊಟ್ಟೆ ನೋವು ಬಂದರೆ ಊರಿನ ಡಾಕ್ಟರೇ ದೇವರು. ಆ ಡಾಕ್ಟರಿಗೆ ಗೊತ್ತಿರಬೇಕಾದ ಮೂರು ವಿಷಯ ಇವೆ.

ಬೈಪಾಸ್ ಆದವರ ಕರುಳಿನ ನಡುವೆ ಸಣ್ಣ ಸಂದಿಗಳು ಉಳಿಯುತ್ತವೆ. ತೂಕ ಇಳಿದು ಒಳಗಿನ ಕೊಬ್ಬು ಕರಗಿದಾಗ ಆ ಸಂದಿ ದೊಡ್ಡದಾಗುತ್ತದೆ. ಎಷ್ಟೋ ವರ್ಷದ ಮೇಲೂ ಅದರೊಳಗೆ ಕರುಳು ನುಸುಳಿ ಸಿಕ್ಕಿಕೊಳ್ಳಬಹುದು. ಬಂದು ಹೋಗುವ ನೋವು, ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ಗ್ಯಾಸ್ ಎಂದು ಮಾತ್ರೆ ಕೊಟ್ಟು ಕಳಿಸಿದರೆ ಕರುಳು ಕೊಳೆಯುವ ಅಪಾಯವಿದೆ. ಎರಡನೆಯದು ಮೈಕೈ ನೋವಿನ ಮಾತ್ರೆ. ತೋಟದ ಕೆಲಸ ಮುಗಿಸಿ ಮೆಡಿಕಲ್‌ನಿಂದ ಡೈಕ್ಲೋಫೆನಾಕೋ ಐಬುಪ್ರೊಫೆನೋ ತಂದು ನುಂಗುವುದು ನಮಗೆಲ್ಲ ರೂಢಿ. ಬೈಪಾಸ್ ಆದವರಿಗೆ ಜೋಡಿಸಿದ ಜಾಗದಲ್ಲೇ ಅದು ಹುಣ್ಣು ಮಾಡಬಹುದು. ಬೀಡಿ ಸಿಗರೇಟೂ ಅಷ್ಟೇ. ಮೂರನೆಯದು ಗ್ಲೂಕೋಸ್. ಸುಸ್ತಾದರೆ ಒಂದು ಬಾಟಲಿ ಹಾಕಿಸಿಕೊಂಡು ಬರುವುದು ನಮ್ಮ ಊರುಗಳಲ್ಲಿ ಮಾಮೂಲಿ. ಬಿ12 ವರ್ಷಗಟ್ಟಲೆ ಉಳಿದರೆ, ಬಿ1 ದೇಹದಲ್ಲಿ ಉಳಿಯುವುದು ಎರಡು ಮೂರು ವಾರ. ವಾಂತಿ ನಿಲ್ಲದೆ ಊಟ ಸೇರದವರಿಗೆ ಬಿ1 ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮಿದುಳಿಗೇ ಪೆಟ್ಟಾಗಬಹುದು. ನಡಿಗೆ, ಕಣ್ಣಿನ ಚಲನೆ, ನೆನಪು ಎಲ್ಲ ಕೆಡಬಹುದು.

ಜನರ ಮಾತಿನ ಬಗ್ಗೆ ಅಕ್ಕ ಜಾಸ್ತಿ ಹೇಳುವುದಿಲ್ಲ. ಮೊದಲ ಆರು ತಿಂಗಳಲ್ಲಿ ಕೂದಲು ಉದುರಿದಾಗ ಅವಳಿಗೆ ಏನೋ ಕಾಯಿಲೆ ಎಂದರು. ಕೂದಲು ಮತ್ತೆ ಬಂತು. ಜೋತುಬಿದ್ದ ಚರ್ಮ ಹಾಗೇ ಉಳಿಯಿತು. ಮಳೆಗಾಲದ ತೇವದಲ್ಲಿ ಅದರ ಮಡಿಕೆಯೊಳಗೆ ಹುಣ್ಣಾಗುತ್ತದೆ. ಬಟ್ಟೆ ಸರಿಯಾಗಿ ಒಣಗದ ಜೂನ್, ಜುಲೈ ಅವಳಿಗೆ ಕಷ್ಟದ ತಿಂಗಳುಗಳು. ನಾಲ್ಕನೇ ವರ್ಷದಿಂದೀಚೆಗೆ 8 ಕೆಜಿ ವಾಪಸ್ ಬಂದಿದೆ. ಇದನ್ನು ಅವಳು ಸೋಲು ಅಂದುಕೊಂಡಿದ್ದಳು. ಎರಡು ವರ್ಷದ ಮೇಲೆ ಸ್ವಲ್ಪ ತೂಕ ಮರಳುವುದು ತುಂಬಾ ಜನರಲ್ಲಿ ಕಂಡದ್ದೇ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ರಾತ್ರಿಯ ಅಳು ತಪ್ಪುತ್ತಿತ್ತು. ಸ್ವೀಡನ್ನಿನ ಅದೇ ಅಧ್ಯಯನದಲ್ಲಿ, ಆಪರೇಷನ್ ಆದವರಲ್ಲಿ ತಮಗೆ ತಾವೇ ಹಾನಿ ಮಾಡಿಕೊಳ್ಳುವುದು ಹೆಚ್ಚು ಎಂದೂ ಮುಂದೆ ಕಂಡುಬಂತು. ತೂಕ ಇಳಿದವರು ಖುಷಿಯಾಗಿಯೇ ಇರುತ್ತಾರೆ ಎಂದು ನಾವು ಅಂದುಕೊಳ್ಳಬಾರದು. ಹೇಗಿದ್ದೀಯ ಎಂದು ಕೇಳಬೇಕು, ಉತ್ತರಕ್ಕೆ ಕಾಯಬೇಕು.

2025ರಲ್ಲಿ ತೂಕ ಇಳಿಸುವ ಇಂಜೆಕ್ಷನ್‌ಗಳು ಭಾರತದ ಮಾರುಕಟ್ಟೆಗೆ ಬಂದವು. ಇನ್ನು ಆಪರೇಷನ್ ಬೇಕಾಗಲ್ಲ ಎನ್ನುವವರಿದ್ದಾರೆ. ಇರಬಹುದು. ಆದರೆ ಈಗಾಗಲೇ ಮಾಡಿಸಿಕೊಂಡವರ ಕರುಳು ಹಳೇ ದಾರಿಗೆ ಮರಳುವುದಿಲ್ಲ. ಅವರಿಗೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಜೀವನಪೂರ್ತಿ ಬೇಕು.

ಅಕ್ಕ ಅದಕ್ಕೆ ಮೇ ತಿಂಗಳನ್ನು ಗೊತ್ತು ಮಾಡಿಕೊಂಡಿದ್ದಾಳೆ. ಮಳೆ ಹಿಡಿಯುವ ಮುಂಚೆ ಮೈಸೂರಿಗೆ ಹೋಗಿ ರಕ್ತ ಕೊಟ್ಟು, ಮೂರು ತಿಂಗಳಿಗಾಗುವಷ್ಟು ಮಾತ್ರೆ ತಂದು ಅಕ್ಕಿ ಡಬ್ಬದ ಪಕ್ಕ ಇಡುತ್ತಾಳೆ. ಪರ್ಸಿನಲ್ಲಿ ಒಂದು ಚೀಟಿ ಇದೆ, ಅವಳದೇ ಅಕ್ಷರ: ‘ನನಗೆ ಗ್ಯಾಸ್ಟ್ರಿಕ್ ಬೈಪಾಸ್ ಆಗಿದೆ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ. ವಾಂತಿ ಇದ್ದರೆ ಗ್ಲೂಕೋಸ್‌ಗೆ ಮುಂಚೆ ಬಿ1 ಕೊಡಿ. ಹೊಟ್ಟೆ ನೋವು ಬಿಡದಿದ್ದರೆ ಸರ್ಜನ್ ಹತ್ತಿರ ಕಳಿಸಿ.’ ಕೆಳಗೆ ಭಾವನ ನಂಬರ್. ಹೋದ ಮಳೆಗಾಲದಲ್ಲಿ ಆ ಚೀಟಿ ನೆನೆದು ಹರಿದಿತ್ತು. ಈ ಸಲ ಗೋಣಿಕೊಪ್ಪದ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ, ಒಂದು ಪ್ರತಿ ನನಗೂ ಕೊಟ್ಟಿದ್ದಾಳೆ.